ಬಾಗಿಲು ತಟ್ಟಿದವಳು ಯಾರು?

ನಾನು ಏಳನೆಯ ತರಗತಿಯವರೆಗೆ ಓದಿದ್ದು ಉರ್ದು ಶಾಲೆಯಲ್ಲಿ. ಆಮೇಲೆ ಕನ್ನಡ ಹೈಸ್ಕೂಲಿಗೆ ಸೇರಿದೆ. ತೊಂಬತ್ತರ ದಶಕದ ಆ ದಿನಗಳಲ್ಲಿ ಒಂದು ಸುದ್ದಿ ಬೆಂಗಳೂರಿನಿಂದ ಹೊರಟು ನಮ್ಮೂರಿಗೂ ಬಂತು. ರಾತ್ರಿ ಹೊತ್ತು ಒಬ್ಬ ಹೆಂಗಸು ಬಂದು ಬಾಗಿಲು ತಟ್ಟುತ್ತಾಳೆ, ಮನೆಯವರದೇ ದನಿಯಲ್ಲಿ ಕರೆಯುತ್ತಾಳೆ, ತೆರೆದವರು ಸಾಯುತ್ತಾರೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದಿದ್ದರೆ ಮಾತ್ರ ಓದಿಕೊಂಡು ಹೋಗಿಬಿಡುತ್ತಾಳೆ. ನಮ್ಮ ಮೊಹಲ್ಲಾದಲ್ಲಿ ಕನ್ನಡವನ್ನು ದುಂಡಗೆ ಬರೆಯಬಲ್ಲವರು ಕಡಿಮೆ. ಹಾಗಾಗಿ ಸೀಮೆಸುಣ್ಣ ಹಿಡಿದು ಮನೆಮನೆಗೆ ಹೋದವಳು ನಾನು. ಹಾಗೆ ನೋಡಿದರೆ ನನ್ನ ಮೊದಲ ಪ್ರಕಟಿತ ಬರಹ ಅದೇ. ನಮ್ಮ ನಾನಿ ಮಾತ್ರ ಅನುಮಾನದಿಂದ ನೋಡಿ, "ಅವಳಿಗೆ ಕನ್ನಡ ಬರುತ್ತೋ ಇಲ್ಲವೋ, ಕೆಳಗೆ ಉರ್ದುವಿನಲ್ಲೂ ಒಂದು ಸಾಲು ಹಾಕು" ಎಂದರು. ಹಾಕಿದೆ. ಮಸೀದಿಯ ಹಜರತ್ತರು ಕಂಡು ಬೈದರು. ಆದರೆ ಅವರ ಮನೆಯ ಬಾಗಿಲ ಮೇಲೂ ನನ್ನದೇ ಅಕ್ಷರ ಇತ್ತು. ಅವರ ಬೀವಿ ಬರೆಸಿಕೊಂಡಿದ್ದರು.

ಆ ದಿನಗಳಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿತ್ತು. ಬಾಗಿಲು ತಟ್ಟುವ ಈ ಹೆಂಗಸು ಯಾರು? ಅವಳಿಗೆ ಏನಾಗಿತ್ತು? 'ನಾಳೆ ಬಾ' ಎಂದರೆ ಮರುಮಾತಾಡದೆ ಹೋಗುವಷ್ಟು ಸಭ್ಯಳಾದವಳು ರಾತ್ರಿಯಲ್ಲೇ ಏಕೆ ಅಲೆಯುತ್ತಾಳೆ?

ಈ ಪ್ರಶ್ನೆ ನನಗೆ ಹೊಳೆದದ್ದು ಮೂವತ್ತು ವರ್ಷ ಕಳೆದ ಮೇಲೆ, 2025ರ ಸೆಪ್ಟೆಂಬರಿನಲ್ಲಿ, ಬೆಂಗಳೂರಿನ ಚಿತ್ರಮಂದಿರವೊಂದರಲ್ಲಿ. ಸಿನಿಮಾ ಮಲಯಾಳಂನ 'ಲೋಕಃ ಚಾಪ್ಟರ್ 1: ಚಂದ್ರ'. ಕರೆದುಕೊಂಡು ಹೋದವಳು ನನ್ನ ಮಗಳು. ಆಗ ನಮ್ಮಿಬ್ಬರಿಗೆ ಅಷ್ಟಾಗಿ ಮಾತಿರಲಿಲ್ಲ. ಅವಳಿಗೆ ಬೆಂಗಳೂರಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿತ್ತು, ರಾತ್ರಿ ಪಾಳಿ. ಅವಳ ಅಬ್ಬಾ ಒಂದು ದಿನ ಯೋಚಿಸಿ ಆಗಲಿ ಎಂದರು. ಬೇಡ ಎಂದವಳು ನಾನು. ಹೆಣ್ಣಿನ ಸ್ವಾತಂತ್ರ್ಯದ ಬಗ್ಗೆ ನಾಲ್ಕಾರು ವೇದಿಕೆಗಳಲ್ಲಿ ಮಾತಾಡಿ ಶಾಲು ಹೊದೆಸಿಕೊಂಡ ನಾನು. ಅವಳು ಹೋದಳು. ಮೂರು ವಾರ ನಾನು ಫೋನು ಮಾಡಲಿಲ್ಲ. ಕೊನೆಗೆ ಅವಳೇ ಮಾಡಿ, "ಅಮ್ಮಿ, ಒಂದು ಸಿನಿಮಾ ಇದೆ, ಬನ್ನಿ" ಎಂದಳು.

ಡೊಮಿನಿಕ್ ಅರುಣ್ ನಿರ್ದೇಶಿಸಿದ, ನಟ ದುಲ್ಕರ್ ಸಲ್ಮಾನ್ ನಿರ್ಮಿಸಿದ ಈ ಚಿತ್ರ ಆಗಸ್ಟ್ 28ರಂದು, ಓಣಂ ಹೊತ್ತಿಗೆ ತೆರೆಗೆ ಬಂತು. ಸುಮಾರು 30 ಕೋಟಿಯಲ್ಲಿ ಮಾಡಿದ್ದು 300 ಕೋಟಿ ಗಳಿಸಿತು ಎಂದು ಪತ್ರಿಕೆಗಳು ಬರೆದವು. ನಾಯಕಿಯೊಬ್ಬಳ ಹೆಗಲ ಮೇಲೆ ನಿಂತ ಚಿತ್ರ ಓಡುವುದಿಲ್ಲ ಎನ್ನುವ ಮಾತಿಗೆ ಅದು ಉತ್ತರವಾಯಿತು. ಲೆಕ್ಕ ಅಲ್ಲಿಗೆ ಬಿಡೋಣ. ನನ್ನನ್ನು ಹಿಡಿದದ್ದು ಕತೆ.

ಚಂದ್ರ ಎಂಬ ಹುಡುಗಿ ಬೆಂಗಳೂರಿಗೆ ಬಂದು ಒಂದು ಮನೆ ಹಿಡಿಯುತ್ತಾಳೆ. ಅವಳ ದಿನಚರಿ ಎಲ್ಲ ರಾತ್ರಿಯದು. ಎದುರು ಮನೆಯಲ್ಲಿ ಸನ್ನಿ ಮತ್ತವನ ಗೆಳೆಯರು. ಕೆಲಸಕ್ಕಿಂತ ಹರಟೆ ಜಾಸ್ತಿ. ಸನ್ನಿ ಕುತೂಹಲದಿಂದ ಹಿಂಬಾಲಿಸಿ ಕಂಡುಕೊಳ್ಳುವುದೇನೆಂದರೆ, ಇವಳು ಕೇರಳದ ಮಕ್ಕಳು ಕೇಳಿ ಬೆಳೆದ ಕಳ್ಳಿಯಂಕಾಟ್ಟು ನೀಲಿ. ರಕ್ತ ಹೀರುವ ಯಕ್ಷಿ. ಇಂದಿಗೂ ಬದುಕಿದ್ದಾಳೆ.

ಯಕ್ಷಿ ಎಂದರೆ ಬಿಳಿ ಸೀರೆ, ಬಿಚ್ಚಿದ ಕೂದಲು, ದಾರಿಹೋಕ ಗಂಡಸನ್ನು ಕರೆದು ಕೊಲ್ಲುವವಳು. ಕಡಮಟ್ಟತ್ತು ಕತ್ತನಾರ್ ಎಂಬ ಮಂತ್ರವಾದಿ ಪಾದ್ರಿ ಅಂಥವರನ್ನು ಕಟ್ಟಿಹಾಕುತ್ತಿದ್ದನಂತೆ. ನಮ್ಮ ಮನೆಯಲ್ಲಿ ಯಕ್ಷಿ ಇರಲಿಲ್ಲ, ಜಿನ್ ಇತ್ತು. ಆದರೆ ಎಚ್ಚರಿಕೆ ಅದೇ. ಸಂಜೆ ತಲೆ ಬಾಚಿ ಕೂದಲು ಹರಡಿ ಹೊಸ್ತಿಲಲ್ಲಿ ನಿಂತರೆ ನಾನಿ ಒಳಗಿನಿಂದಲೇ ಕೂಗುತ್ತಿದ್ದರು: "ಬಾಲಾಂ ಬಾಂದ್ ಲೇ, ಮಗ್ರಿಬ್ ಹೋಗಯಾ." ಕೂದಲು ಕಟ್ಟಿಕೋ, ಹೊತ್ತು ಮುಳುಗಿತು. ಹುಣಿಸೆಮರದ ಕೆಳಗೆ ಹೋಗಬೇಡ, ಅತ್ತರು ಹಚ್ಚಿಕೊಂಡು ಹೊರಗೆ ಹೋಗಬೇಡ. ಪಕ್ಕದ ಬೀದಿಯ ಗೆಳತಿಗೆ ಅವಳ ಅಜ್ಜಿ ಮೋಹಿನಿಯ ಹೆಸರಲ್ಲಿ ಹೇಳುತ್ತಿದ್ದುದೂ ಇದನ್ನೇ. ನಮ್ಮ ಹಿರಿಯರು ಎಷ್ಟೋ ವಿಷಯಗಳಲ್ಲಿ ಬೇರೆಬೇರೆಯಾಗಿದ್ದರು, ಈ ವಿಷಯದಲ್ಲಿ ಮಾತ್ರ ಒಂದೇ. ಕತ್ತಲಲ್ಲಿ ಹೊರಗಿರುವ ಹೆಣ್ಣು ಒಂದೋ ದೆವ್ವಕ್ಕೆ ಸಿಕ್ಕವಳು, ಇಲ್ಲವೇ ತಾನೇ ದೆವ್ವ.

'ಲೋಕಃ' ಈ ಕತೆಯನ್ನು ಸುಳ್ಳೆಂದು ತಳ್ಳುವುದಿಲ್ಲ. ಅದರ ಒಳಗೇ ಹೋಗಿ ಬಾಗಿಲು ತೆರೆಯುತ್ತದೆ. ನೀಲಿ ಕಾಡಿನ ಬುಡಕಟ್ಟಿನ ಪುಟ್ಟ ಹುಡುಗಿ. ಅವಳ ಜನರನ್ನು ದೂರ ಇಟ್ಟ ಅರಸನ ಸೈನಿಕರು ಅವರ ಮೇಲೆ ಬೀಳುತ್ತಾರೆ. ಓಡಿ ಗುಹೆ ಸೇರಿದ ಮಗು ಬೇರೆಯೇ ಆಗಿ ಹೊರಬರುತ್ತಾಳೆ. ಆ ಮಗುವಾಗಿ ನಟಿಸಿದ ದುರ್ಗಾ ವಿನೋದ್ ಎಂಬ ಹುಡುಗಿ ಸೈನಿಕರೊಂದಿಗೆ ಹೊಡೆದಾಡುವ ದೃಶ್ಯವೇ ನನ್ನ ಲೆಕ್ಕದಲ್ಲಿ ಇಡೀ ಚಿತ್ರದ ಜೀವ. ಕಾಲುಗೆಜ್ಜೆ ಕಟ್ಟಿ ಕೊಲ್ಲಲು ಬಂದ ಸುಂದರಿ ಅಲ್ಲ ಅವಳು, ತಾಯಿಯನ್ನು ಕಳೆದುಕೊಂಡ ಕೂಸು. ಕತ್ತನಾರ್ ಕೂಡ ಇಲ್ಲಿದ್ದಾನೆ. ಆದರೆ ಕಟ್ಟಿಹಾಕುವವನಾಗಿ ಅಲ್ಲ, ಜೊತೆ ನಿಲ್ಲುವವನಾಗಿ. ಒಂದು ನಾಡು ತನ್ನ ಐತಿಹ್ಯದ ಖಳಪಾತ್ರವನ್ನು ಇಷ್ಟು ಪ್ರೀತಿಯಿಂದ ಮರಳಿ ಮನೆಗೆ ಕರೆದದ್ದು ಕಂಡು ಹೊಟ್ಟೆಕಿಚ್ಚಾಯಿತು. ಚಿತ್ರಕತೆಯಲ್ಲಿ ನಿರ್ದೇಶಕರ ಜೊತೆ ನಟಿ ಶಾಂತಿ ಬಾಲಚಂದ್ರನ್ ಅವರ ಕೈಯೂ ಇದೆ ಎಂದು ಆಮೇಲೆ ಓದಿದೆ. ಆಶ್ಚರ್ಯವಾಗಲಿಲ್ಲ.

ಕಲ್ಯಾಣಿ ಪ್ರಿಯದರ್ಶನ್ ಚಂದ್ರಳನ್ನು ಕಡಿಮೆ ಮಾತಿನಲ್ಲಿ ನಿಭಾಯಿಸಿದ್ದಾರೆ. ಕ್ಯಾಮರಾ ಅವಳ ಮೈಮೇಲೆ ಓಡಾಡುವುದಿಲ್ಲ. ಹೊಡೆದಾಟದಲ್ಲಿ ಮೆರೆಯುವುದಕ್ಕಿಂತ ಬೇಗ ಮುಗಿಸಿ ಹೋಗಬೇಕು ಎನ್ನುವ ದಣಿವು ಅವಳ ಮುಖದಲ್ಲಿದೆ. ತಲೆಮಾರುಗಳ ದಣಿವು. ಮನೆಗೆಲಸ ಮುಗಿಸಿ ರಾತ್ರಿ ಅಡುಗೆಮನೆಯ ದೀಪ ಆರಿಸುವಾಗ ನಮ್ಮ ಖಾಲಾಗಳ ಮುಖದಲ್ಲಿ ಕಂಡದ್ದು. 2017ರ 'ವಂಡರ್ ವುಮನ್' ಚಿತ್ರದಲ್ಲಿ ನಾಯಕಿ ಗುಂಡಿನ ಮಳೆಯ ನಡುವೆ ಕಂದಕ ಹತ್ತಿ ನಡೆಯುವ ದೃಶ್ಯಕ್ಕೆ ನಾನೂ ಚಪ್ಪಾಳೆ ಹೊಡೆದಿದ್ದೆ. ಆದರೆ ಅವಳು ದ್ವೀಪದಿಂದ ಬಂದ ರಾಜಕುಮಾರಿ. ಇವಳು ನಮ್ಮ ಹುಣಿಸೆಮರದಿಂದ ಇಳಿದವಳು.

ನಸ್ಲೆನ್ ಮಾಡಿದ ಸನ್ನಿಯ ಪಾತ್ರವೂ ನನಗೆ ಹಿಡಿಸಿತು. ಅವನು ಹೆದರುತ್ತಾನೆ, ಹೆದರಿಕೆಯನ್ನು ಮುಚ್ಚಿಡುವುದಿಲ್ಲ. ಅವಳನ್ನು ಕಾಪಾಡಲು ಹೋಗುವುದಿಲ್ಲ, ತಿದ್ದಲೂ ಹೋಗುವುದಿಲ್ಲ, ಕೈಲಾದ ಸಹಾಯ ಮಾಡುತ್ತಾನೆ. ನಮ್ಮ ಸಿನಿಮಾಗಳಲ್ಲಿ ಇಂಥ ಗಂಡಸು ಸೂಪರ್‌ಹೀರೋಗಿಂತ ಅಪರೂಪ.

ಎಲ್ಲವೂ ಚೆನ್ನಾಗಿದೆ ಎಂದಲ್ಲ. ಅಂಗಾಂಗ ಕದಿಯುವ ಗುಂಪಿನ ಕತೆ ಹಳೆಯದು. ಉತ್ತರಾರ್ಧದಲ್ಲಿ ದೊಡ್ಡ ನಟರು ಒಬ್ಬೊಬ್ಬರಾಗಿ ಮುಖ ತೋರಿಸುವುದು, ಊಟ ಮುಗಿದ ಮೇಲೆ ಮದುವೆಗೆ ಬಂದ ನೆಂಟರಂತೆ. ಅಲ್ಲಿ ಮುಂದಿನ ಭಾಗದ ಜಾಹೀರಾತು ಶುರುವಾಗುತ್ತದೆ. ಬೆಂಗಳೂರು ಎಂದರೆ ಅಪರಾಧದ ಊರು ಎನ್ನುವ ಚಟವೂ ಇದೆ. ಖಳನಾದ ಪೊಲೀಸ್ ಇನ್‌ಸ್ಪೆಕ್ಟರ್ ನಾಚಿಯಪ್ಪ ಗೌಡ ಹೆಂಗಸರನ್ನು ಕಂಡರಾಗದವನು. ಚಿತ್ರದ ಒಂದು ಸಂಭಾಷಣೆ ಬೆಂಗಳೂರಿನ ಹುಡುಗಿಯರನ್ನು ಹೀನಾಯವಾಗಿ ಕಾಣುತ್ತದೆ ಎಂದು ಕನ್ನಡಿಗರು ಸಿಟ್ಟಾದರು. ನಿರ್ಮಾಣ ಸಂಸ್ಥೆ ಕ್ಷಮೆ ಕೇಳಿ ಮಾತನ್ನು ತೆಗೆಯುವುದಾಗಿ ಹೇಳಿತು. ಸಿಟ್ಟು ಸರಿಯೇ. ಆದರೂ ಒಂದು ಮಾತು ಹೇಳಬೇಕು. ಪರದೆಯ ಮೇಲೆ ಆ ಮನುಷ್ಯ ರಾತ್ರಿ ಓಡಾಡುವ ಹುಡುಗಿಯರನ್ನು ನೋಡುವ ನೋಟ ನನಗೆ ಹೊಸದಾಗಿರಲಿಲ್ಲ. ಮಗಳ ಕೆಲಸದ ಸುದ್ದಿ ತಿಳಿದಾಗ ನಾನು ಆಡಿದ ಮಾತುಗಳಲ್ಲಿ ಒಂದೆರಡು ಅವನದೇ ಜಾತಿಯವು. ಕತ್ತಲಲ್ಲಿ ಪಕ್ಕದಲ್ಲಿ ಕೂತ ಮಗಳ ಕಡೆ ತಿರುಗಿ ನೋಡಲು ಧೈರ್ಯವಾಗಲಿಲ್ಲ.

ಇನ್ನೊಂದು ತಕರಾರು. ರಾತ್ರಿ ಬೀದಿಯಲ್ಲಿ ನಡೆಯಲು ಹೆಣ್ಣಿಗೆ ಕೋರೆಹಲ್ಲೇ ಬೇಕೆ? ಸಿನಿಮಾ ಅದಕ್ಕೆ ಉತ್ತರ ಕೊಡುವುದಿಲ್ಲ. ಕೊಡಬೇಕೆಂದು ನಾನು ಕೇಳುವುದೂ ಇಲ್ಲ, ಏಕೆಂದರೆ ನನ್ನ ಕತೆಗಳ ಸ್ಥಿತಿ ಇನ್ನೂ ಕೆಟ್ಟದಾಗಿದೆ. ಅವುಗಳಲ್ಲಿ ಬಾವಿಗಳು ಜಾಸ್ತಿ. ನೊಂದ ಹೆಣ್ಣುಗಳನ್ನು ಕೊನೆಯ ಪ್ಯಾರಾದಲ್ಲಿ ಬಾವಿಯ ಬಳಿ ತಂದು ನಿಲ್ಲಿಸಿ, ಓದುಗರು ಕಣ್ಣೊರೆಸಿಕೊಂಡರೆ ಕತೆ ಗೆದ್ದಿತು ಎಂದುಕೊಂಡವಳು ನಾನು. ವೈಕಂ ಮುಹಮ್ಮದ್ ಬಷೀರ್ ತಮ್ಮ 'ನೀಲವೆಳಿಚ್ಚಂ' ಕತೆಯಲ್ಲಿ ಇದನ್ನು ಎಂದೋ ಮೀರಿದ್ದರು. ಬಾವಿಗೆ ಬಿದ್ದು ಸತ್ತ ಭಾರ್ಗವಿ ಇರುವಳೆನ್ನುವ ಮನೆಗೆ ಬಾಡಿಗೆಗೆ ಬಂದ ಬರಹಗಾರ, ಓಡಿಹೋಗದೆ ಅವಳ ಜೊತೆ ಮಾತಿಗೆ ಕೂರುತ್ತಾನೆ. ಅದೇ ಮುಂದೆ ಬಷೀರರದೇ ಚಿತ್ರಕತೆಯಲ್ಲಿ 1964ರ 'ಭಾರ್ಗವಿ ನಿಲಯಂ' ಆಯಿತು. ಅಲ್ಲಿಂದ ಚಂದ್ರಳವರೆಗೆ ಅರವತ್ತು ವರ್ಷ. ಆ ದೆವ್ವಕ್ಕೆ ಒಬ್ಬ ಕೇಳುಗ ಸಿಕ್ಕಿದ್ದ. ಈ ದೆವ್ವ ಕೆಲಸಕ್ಕೆ ಹೋಗುತ್ತದೆ, ಬಾಡಿಗೆ ಕಟ್ಟುತ್ತದೆ, ಇನ್ನೊಬ್ಬ ಹುಡುಗಿಯ ತಂಟೆಗೆ ಬಂದವನನ್ನು ಎದುರು ಹಾಕಿಕೊಳ್ಳುತ್ತದೆ.

ಆಟ ಮುಗಿದಾಗ ಹನ್ನೆರಡೂವರೆ. ಹೊರಗೆ ಸಣ್ಣ ಮಳೆ. ಮಗಳ ಕೂದಲು ಬಿಚ್ಚಿತ್ತು. ನಾನಿಯ ಮಾತು ನನ್ನ ಗಂಟಲವರೆಗೆ ಬಂತು, ನುಂಗಿಕೊಂಡೆ. ಅವಳು ಕ್ಯಾಬ್ ಕರೆದಳು. ಬಂದು ನಿಂತ ಕಾರಿನ ಹಿಂದೆ ಹೋಗಿ ನಂಬರಿನ ಫೋಟೋ ತೆಗೆದು ಯಾರಿಗೋ ಕಳಿಸಿದಳು.

"ಯಾರಿಗೆ?" ಎಂದೆ.

"ರೂಮಿನ ಗೆಳತಿಗೆ. ಅವಳೂ ಕಳಿಸ್ತಾಳೆ."

"ದಿನಾ?"

"ದಿನಾ, ಅಮ್ಮಿ. ಹತ್ತಿ, ನೆನೀತಿದ್ದೀರಿ."

ಕಾರು ಹೊರಟ ಮೇಲೆ, ನಾಳೆಯಿಂದ ಆ ಫೋಟೋ ನನಗೂ ಕಳಿಸು ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತಲೇ, "ನೀವು ಅಷ್ಟು ಹೊತ್ತಿಗೆ ಎದ್ದಿರ್ತೀರಾ?" ಎಂದು ಕೇಳಿದಳು.