ಮೆತ್ತಗಾದ ಬ್ರೇಕು, ನಾಲ್ಕು ಊರು

ನಂದಿ ಬೆಟ್ಟದಿಂದ ಇಳಿಯುವಾಗ ನಾಲ್ಕೈದು ತಿರುವು ದಾಟಿದ ಮೇಲೆ ನನ್ನ ಬಲಗಾಲಿಗೆ ಏನೋ ವ್ಯತ್ಯಾಸ ಗೊತ್ತಾಯಿತು. ಬ್ರೇಕ್ ಪೆಡಲ್ ಗಟ್ಟಿಯಾಗಿ ಎದುರು ನಿಲ್ಲುವ ಬದಲು ಹಳೇ ದಿಂಬಿನ ಹಾಗೆ ಒಳಗೆ ಹೋಯಿತು. ಮುಂದಿನ ತಿರುವಿನಲ್ಲಿ ಇನ್ನೂ ಮೆತ್ತಗಾಯಿತು. ಪಕ್ಕದಲ್ಲಿ ಏಳನೇ ಕ್ಲಾಸಿನ ಮೊಮ್ಮಗ, ಹಿಂದೆ ಅವನ ಅಜ್ಜಿ. ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಪೆಡಲನ್ನು ನಾಲ್ಕಾರು ಸಲ ಬೇಗ ಬೇಗ ತುಳಿದೆ, ಗೇರನ್ನು ಎರಡಕ್ಕೆ ಇಳಿಸಿದೆ, ಹ್ಯಾಂಡ್ ಬ್ರೇಕನ್ನು ಸ್ವಲ್ಪ ಸ್ವಲ್ಪವೇ ಎಳೆಯುತ್ತಾ ರಸ್ತೆಯ ಒಳಬದಿಗೆ, ಬಂಡೆಯ ಪಕ್ಕಕ್ಕೆ ತಂದು ನಿಲ್ಲಿಸಿದೆ. ಹ್ಯಾಂಡ್ ಬ್ರೇಕಿಗೆ ಎಣ್ಣೆಯ ಹಂಗಿಲ್ಲ, ಅದು ತಂತಿಯಿಂದ ಕೆಲಸ ಮಾಡುವಂಥದು. ಆ ದಿನ ಅದೇ ಕಾಪಾಡಿತು.

ಇಳಿದು ಚಕ್ರಕ್ಕೆ ಕಲ್ಲು ಕೊಟ್ಟೆ. ಚಕ್ರದ ಹತ್ತಿರ ಸುಟ್ಟ ವಾಸನೆ. ಆಗ ನನ್ನ ಕೈ ನಡುಗಲು ಶುರುವಾಯಿತು.

ನಮ್ಮದು 1985ರ ಪ್ರೀಮಿಯರ್ ಪದ್ಮಿನಿ. ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಸಾಲ ಮಾಡಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. 1089 ಸಿಸಿ ಇಂಜಿನ್, ಸ್ಟಿಯರಿಂಗ್ ಪಕ್ಕದಲ್ಲೇ ಗೇರು, ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಕಾರು ತಣ್ಣಗಾಗಲಿ ಎಂದು ಕಾಯುತ್ತಾ ಮೊಮ್ಮಗನಿಗೆ ಒಂದು ಕತೆ ಹೇಳಿದೆ. ಅವನ ಭಯ ಹೋಗಲಿ ಎಂದಲ್ಲ, ನನ್ನದು ಹೋಗಲಿ ಎಂದು.

ಈ ಬೆಟ್ಟಗಳ ಬುಡದಲ್ಲೇ ಇರುವ ಮುದ್ದೇನಹಳ್ಳಿ ಸರ್ ಎಂ. ವಿಶ್ವೇಶ್ವರಯ್ಯನವರ ಊರು. ಕನ್ನಂಬಾಡಿ ಕಟ್ಟೆ ಎಂದರೆ ಎಲ್ಲರಿಗೂ ಗೊತ್ತು. ನಮ್ಮ ದೇಶದಲ್ಲೇ ಕಾರು ತಯಾರಾಗಬೇಕು ಎಂದು 1930ರ ದಶಕದಲ್ಲಿ ಹಟ ಹಿಡಿದು ಯೋಜನೆ ಬರೆದವರೂ ಅವರೇ ಎಂಬುದು ಅನೇಕರಿಗೆ ಗೊತ್ತಿಲ್ಲ. ಯುರೋಪು, ಅಮೆರಿಕದ ಕಾರ್ಖಾನೆಗಳನ್ನು ನೋಡಿಬಂದರು. ಆಗಿನ ಬ್ರಿಟಿಷ್ ಸರ್ಕಾರ ಉತ್ಸಾಹ ತೋರಿಸಲಿಲ್ಲ. ಅದೇ ಕನಸನ್ನು ಹಿಡಿದು ಮುಂಬಯಿಯ ಉದ್ಯಮಿ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಕಂಪನಿ ಕಟ್ಟಿದರು. ನಮ್ಮ ಪದ್ಮಿನಿ ಆ ಮನೆಯ ಮಗಳು.

“ಹಾಗಾದ್ರೆ ಇದು ತವರಿಗೆ ಬಂದಿದೆ ತಾತ. ಅದಕ್ಕೇ ಹೊರಡೋಕೆ ಒಲ್ಲೆ ಅಂತಿದೆ” ಎಂದ ಮೊಮ್ಮಗ. ಅವನ ಅಜ್ಜಿ ನಕ್ಕಳು.

ಮುಕ್ಕಾಲು ಗಂಟೆಯ ನಂತರ ಪೆಡಲ್ ತುಳಿದರೆ ಬಹುಮಟ್ಟಿಗೆ ಮೊದಲಿನಂತಾಗಿತ್ತು! ಎರಡನೇ ಗೇರಿನಲ್ಲೇ, ಎತ್ತಿನ ಗಾಡಿಯ ವೇಗದಲ್ಲಿ ಕೆಳಗಿಳಿದು ಚಿಕ್ಕಬಳ್ಳಾಪುರದ ಮನೆ ಸೇರಿದೆವು. ಕಾದಾಗ ಹೋಗಿ, ಆರಿದಾಗ ಬರುವ ಬ್ರೇಕು. ಇದೇ ಮೊದಲ ಸುಳಿವು ಎಂದು ಆಗ ನನಗೆ ಹೊಳೆಯಲಿಲ್ಲ.

ಮೊಮ್ಮಗ ರಾತ್ರಿಯೇ ಬೆಂಗಳೂರಿಗೆ ಫೋನ್ ಮಾಡಿ ತಾಯಿಗೆ ಎಲ್ಲವನ್ನೂ ವರದಿ ಒಪ್ಪಿಸಿದ. ಮಗಳು ಫೋನ್ ನನಗೆ ಕೊಡಿಸಿ, “ಅಪ್ಪಾ, ಆ ಗಾಡಿ ಮಾರಿಬಿಡಿ. ಬ್ರೇಕ್ ಸರಿಯಾಗೋವರೆಗೂ ಮಗು ಅದನ್ನ ಹತ್ತೋ ಹಾಗಿಲ್ಲ. ರಜ ಮುಗಿಯೋ ಹೊತ್ತಿಗೆ ನಾನೇ ಬಂದು ನೋಡ್ತೀನಿ” ಎಂದಳು. ನಾನು ವಾದಿಸಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಕಾರು ಹೋದರೆ ಹೋಗಲಿ, ಆದರೆ ಎಪ್ಪತ್ತು ದಾಟಿದ ಅಪ್ಪನ ಕೈಗೆ ಮಗುವನ್ನು ಕೊಡಬಹುದೇ ಎಂಬ ಪ್ರಶ್ನೆಯೂ ಅದರೊಳಗೆ ಇತ್ತಲ್ಲ.

ಮಾರನೇ ದಿನ ಊರಿನ ಒಂದು ಗ್ಯಾರೇಜಿಗೆ ಒಯ್ದೆ. ಹುಡುಗ ಒಂದೇ ಸಲ ಪೆಡಲ್ ಒತ್ತಿ, “ಮಾಸ್ಟರ್ ಸಿಲಿಂಡರ್ ಹೋಗಿದೆ ಸಾರ್” ಎಂದ. ಹೊಸದು ಹಾಕಿಸಿ ದುಡ್ಡು ಕೊಟ್ಟು ಬಂದೆ. ಪೆಡಲ್ ಅಷ್ಟೇ ಮೆತ್ತಗಿತ್ತು.

ಬ್ಯಾಂಕಿನಲ್ಲಿ ಸಂಜೆ ಲೆಕ್ಕ ಕೂಡದಿದ್ದಾಗ ನಮ್ಮ ಹಿರಿಯರು ಒಂದು ಉಪಾಯ ಹೇಳಿಕೊಟ್ಟಿದ್ದರು. ಮಕ್ಕಳೇ, ನೀವೂ ಮಾಡಿ ನೋಡಿ. ವ್ಯತ್ಯಾಸ ಒಂಬತ್ತರಿಂದ ಭಾಗವಾಗುವುದಾದರೆ ಯಾರೋ ಅಂಕಿ ಅದಲುಬದಲು ಬರೆದಿರಬಹುದು. 63ನ್ನು 36 ಎಂದು ಬರೆದರೆ ವ್ಯತ್ಯಾಸ 27. ತಪ್ಪು ತನ್ನ ಗುರುತು ತಾನೇ ಬಿಟ್ಟುಹೋಗುತ್ತದೆ. ಬ್ರೇಕಿಗೂ ಅಂಥದೊಂದು ಗುರುತು ಇರಲೇಬೇಕು ಅನ್ನಿಸಿತು.

ಶಿಡ್ಲಘಟ್ಟದಲ್ಲಿ ನಾನು ಆರು ವರ್ಷ ಕೆಲಸ ಮಾಡಿದ್ದೆ. ಆಗ ಈ ನಾಲ್ಕು ಊರೂ ಕೋಲಾರ ಜಿಲ್ಲೆಯವೇ, 2007ರಲ್ಲಷ್ಟೇ ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು. ಅಲ್ಲಿ ಪದ್ಮಿನಿ, ಅಂಬಾಸಿಡರ್‌ಗಳ ಹೊಟ್ಟೆಯೊಳಗೇ ವಯಸ್ಸು ಕಳೆದ ಒಬ್ಬರು ಮೆಕ್ಯಾನಿಕ್ ಇದ್ದಾರೆ. ಊರೆಲ್ಲ ಭಾಯ್ ಎನ್ನುತ್ತಾರೆ. ನಾನು ಕಾರಿನಲ್ಲಿ ಒಬ್ಬನೇ ನಿಧಾನವಾಗಿ ಹೊರಟೆ. ಮೊಮ್ಮಗ ಅಜ್ಜಿಯ ಜೊತೆ ಬಸ್ಸಿನಲ್ಲಿ. ದಾರಿಯಲ್ಲಿ ಬಸ್ಸು ನನ್ನನ್ನು ಹಿಂದೆ ಹಾಕಿತು, ಕಿಟಕಿಯಿಂದ ಒಂದು ಪುಟ್ಟ ಕೈ ಟಾಟಾ ಮಾಡಿತು.

ಶಿಡ್ಲಘಟ್ಟ ಎಂದರೆ ರೇಷ್ಮೆ. ಗೂಡಿನ ಮಾರುಕಟ್ಟೆ, ಗೂಡು ಬೇಯಿಸಿ ನೂಲು ತೆಗೆಯುವ ಫಿಲೇಚರುಗಳು, ಮೂಗಿಗೆ ಬಡಿಯುವ ಆ ವಾಸನೆ. ನಮ್ಮ ಕೌಂಟರಿಗೆ ಬರುವ ನೋಟುಗಳಿಗೂ ಅದೇ ವಾಸನೆ ಇರುತ್ತಿತ್ತು.

ಭಾಯ್ ಬಾನೆಟ್ ಮುಟ್ಟಲೇ ಇಲ್ಲ. ಮೊದಲು ಕೇಳಿದರು. “ಪೆಡಲ್ ಮೆತ್ತಗೆ ಅಂದ್ರೆ ಡಾಕ್ಟ್ರ ಹತ್ರ ಮೈ ಸರಿಯಿಲ್ಲ ಅಂದಂಗಾಯ್ತು ಸಾರ್. ಹೆಂಗೆ ಮೆತ್ತಗೆ, ಯಾವಾಗ ಮೆತ್ತಗೆ?” ಕಾಲು ಇಟ್ಟು ಒತ್ತಿ ಹಿಡಿದಾಗ ನಿಧಾನವಾಗಿ ಕೆಳಗೆ ಇಳಿಯುತ್ತಾ ಹೋದರೆ ಎಣ್ಣೆ ಎಲ್ಲೋ ಸೋರುತ್ತಿದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ರಬ್ಬರ್ ಸವೆದಿದೆ. ಮೊದಲ ಸಲ ಆಳಕ್ಕೆ ಹೋಗಿ, ಎರಡು ಮೂರು ಸಲ ತುಳಿದರೆ ಮೇಲೆ ಬಂದರೆ ಲೈನರಿಗೂ ಡ್ರಮ್ಮಿಗೂ ಸಂದು ಹೆಚ್ಚಾಗಿದೆ. ಸ್ಪ್ರಿಂಗಿನ ಹಾಗೆ ಪುಟಿದರೆ ಪೈಪಿನಲ್ಲಿ ಗಾಳಿ. ಕಾದಾಗ ಮಾತ್ರ ಮೆತ್ತಗಾದರೆ ಎಣ್ಣೆಯಲ್ಲಿ ನೀರು. ನಮ್ಮ ಪೆಡಲ್ ಕೆಳಗೆ ಇಳಿಯುತ್ತಲೇ ಇರಲಿಲ್ಲ. ಎಂದರೆ ಹಳೇ ಮಾಸ್ಟರ್ ಸಿಲಿಂಡರ್ ಬಹುಶಃ ಚೆನ್ನಾಗಿಯೇ ಇತ್ತು! ಉಳಿದ ಮೂರೂ ಗುಣ ಇದ್ದವು.

“ಎಣ್ಣೆಯಲ್ಲಿ ನೀರು ಹೇಗೆ ಬರುತ್ತೆ?” ಎಂದು ಮೊಮ್ಮಗ ಕೇಳಿದ. ಬ್ರೇಕ್ ಆಯಿಲ್ ಎಂದು ನಾವು ಕರೆದರೂ ಅದು ಎಣ್ಣೆಯಲ್ಲ. ಮಳೆಗಾಲದ ಉಪ್ಪಿನ ಹಾಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ದ್ರವ. ನಮ್ಮ ಕಾರಿಗೆ ಹಾಕುವ ಡಾಟ್-3 ಎಂಬ ಜಾತಿಯದು ಹೊಸದಾಗಿದ್ದಾಗ ಕಡಿಮೆಯೆಂದರೂ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು. ನೂರಕ್ಕೆ ನಾಲ್ಕು ಪಾಲಿನಷ್ಟೂ ನೀರು ಸೇರಬೇಕಿಲ್ಲ, ಕುದಿಯುವ ಬಿಂದು 140ರ ಸುಮಾರಿಗೆ ಇಳಿದುಬಿಡಬಹುದು. 1478 ಮೀಟರ್ ಎತ್ತರದ ಬೆಟ್ಟದಿಂದ ಬ್ರೇಕ್ ಒತ್ತಿಕೊಂಡೇ ಇಳಿದರೆ ಆ ಬಿಸಿ ಮುಟ್ಟುವುದು ಕಷ್ಟವಲ್ಲ. ಕುದಿದರೆ ಆವಿ, ಆವಿ ಎಂದರೆ ಗುಳ್ಳೆ. ಆರಿದಾಗ ಆವಿ ಮತ್ತೆ ದ್ರವವಾಗಿ ಪೆಡಲ್ ವಾಪಸ್ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಬದಲಾಯಿಸಬೇಕಾದ ಆಯಿಲನ್ನು ನಾನು ಬದಲಾಯಿಸಿ ಎಷ್ಟು ವರ್ಷವಾಗಿತ್ತೋ, ಬರೆಯಲು ನಾಚಿಕೆ. ಊರಿನ ಹುಡುಗನೂ ಹೊಸ ಸಿಲಿಂಡರಿಗೆ ಬೇಕಾದಷ್ಟು ತುಂಬಿದ್ದ, ಚಕ್ರದ ಕಡೆಯ ಹಳೆಯದು ಹಾಗೇ ಇತ್ತು. ಭಾಯ್ ತೆಗೆದಾಗ ಹುಣಸೆ ರಸದ ಬಣ್ಣವಿತ್ತು.

ಗುಳ್ಳೆಯಿಂದ ಏನು ತೊಂದರೆ ಎಂಬುದಕ್ಕೆ ಭಾಯ್ ಮೊಮ್ಮಗನ ಕೈಗೆ ಸೂಜಿಯಿಲ್ಲದ ಸಿರಿಂಜ್ ಕೊಟ್ಟರು. ನೀರು ತುಂಬಿ, ತುದಿಗೆ ಹೆಬ್ಬೆರಳು ಒತ್ತಿ, ಹಿಂದಿನಿಂದ ತಳ್ಳು. ಜರುಗುವುದಿಲ್ಲ. ಅರ್ಧ ಗಾಳಿ ಬಿಟ್ಟು ತಳ್ಳು. ಪುಸಕ್ಕನೆ ಒಳಗೆ ಹೋಗುತ್ತದೆ. ದ್ರವ ಅದುಮಿದರೆ ಕುಗ್ಗುವುದಿಲ್ಲ, ಒತ್ತಿದ ಒತ್ತಡವನ್ನು ಎಲ್ಲ ಕಡೆಗೂ ದಾಟಿಸುತ್ತದೆ. ಇದನ್ನು ಪ್ಯಾಸ್ಕಲ್ ನಿಯಮ ಎಂದು ಮೇಷ್ಟರು ಹೇಳಿಕೊಡುತ್ತಾರೆ. ಗಾಳಿ ಹಾಗಲ್ಲ, ಕಾಲಿನ ಬಲವನ್ನು ತಾನೇ ನುಂಗಿಬಿಡುತ್ತದೆ.

ಆಮೇಲೆ ಏರ್ ತೆಗೆಯುವ ಕೆಲಸ. ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಹಿಂದಿನ ಎಡ ಚಕ್ರದಿಂದ ಶುರು, ಕೊನೆಗೆ ಡ್ರೈವರ್ ಪಕ್ಕದ ಮುಂದಿನ ಚಕ್ರ. ಶಿಷ್ಯ ಪೆಡಲ್ ತುಳಿದು ಹಿಡಿಯುವುದು, ಭಾಯ್ ನಿಪ್ಪಲ್ ಸಡಿಲಿಸಿ ಮತ್ತೆ ಬಿಗಿಯುವುದು, ಆಮೇಲಷ್ಟೇ ಕಾಲು ತೆಗೆಯುವುದು. ಬಾಟಲಿಗೆ ಇಳಿಬಿಟ್ಟ ಟ್ಯೂಬಿನಲ್ಲಿ ಗುಳ್ಳೆ ನಿಲ್ಲುವ ತನಕ ಇದೇ ಜಪ.

ಲೈನರ್ ಬಡಿಸಲು ಚಿಂತಾಮಣಿಗೆ ಕಳಿಸಿದರು. ಮಂಡಿ ಲಾರಿಗಳ ಊರಾದ್ದರಿಂದ ಅಲ್ಲಿ ಆ ಕೆಲಸ ಬೇಗ ಆಗುತ್ತದೆ. ಹಳೇ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಆ ಪುಡಿ ಶ್ವಾಸಕೋಶಕ್ಕೆ ಕೆಟ್ಟದ್ದು. ಹಾಗಾಗಿ ಅಜ್ಜಿ ಮೊಮ್ಮಗನನ್ನು ಹತ್ತಿರ ಬಿಡದೆ ಕೈವಾರಕ್ಕೆ ಕರೆದುಕೊಂಡು ಹೋದಳು. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಅದೇ ಎಂದು ನಮ್ಮ ಕಡೆಯ ನಂಬಿಕೆ. “ಒಂದೇ ಚಕ್ರ ಆದ್ರೆ ಒಂದೇ ಬ್ರೇಕ್ ಸಾಕಿತ್ತು ತಾತ” ಎಂದು ಬಂದು ಹೇಳಿದ.

ಈಗ ಮೊದಲ ತುಳಿತಕ್ಕೇ ಪೆಡಲ್ ಮೇಲೆ ನಿಲ್ಲುತ್ತಿತ್ತು. ಆದರೂ ಒಂದಿಷ್ಟು ಪುಟಿತ ಉಳಿದೇ ಇತ್ತು. ಇನ್ನೊಮ್ಮೆ ಏರ್ ತೆಗೆಸಿದೆ, ಒಂದು ಗುಳ್ಳೆಯೂ ಬರಲಿಲ್ಲ. ಲೆಕ್ಕದಲ್ಲಿ ಎರಡು ಮೂರು ತಪ್ಪು ಒಟ್ಟಿಗೆ ಸೇರಿಕೊಂಡರೆ ಹೀಗೆಯೇ, ಒಂದರ ನೆರಳಿನಲ್ಲಿ ಇನ್ನೊಂದು ಅಡಗಿರುತ್ತದೆ. ಇಷ್ಟಕ್ಕೇ ಸಾಕೆಂದುಬಿಡೋಣವೇ ಅನ್ನಿಸಿದ್ದು ಸುಳ್ಳಲ್ಲ. ರಜ ಮುಗಿಯಲು ಐದೇ ದಿನ ಇತ್ತು.

ಅಷ್ಟರಲ್ಲಿ ಗೌರಿಬಿದನೂರಿನಲ್ಲಿ ಹಳೇ ಸಹೋದ್ಯೋಗಿಯ ಮನೆಯ ಗೃಹಪ್ರವೇಶ. ಮತ್ತೆ ಅವರಿಬ್ಬರು ಬಸ್ಸು, ನಾನು ಮಂಚೇನಹಳ್ಳಿ ಮೇಲೆ ಕಾರು. ಊಟ ಮುಗಿಸಿ ವಿದುರಾಶ್ವತ್ಥಕ್ಕೆ ಹೋಗಿ, 1938ರ ಏಪ್ರಿಲ್ 25ರಂದು ಧ್ವಜ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿದ ಜಾಗವನ್ನು ಹುಡುಗನಿಗೆ ತೋರಿಸಿದೆ. ಇದೇ ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯ. ಓದಲೆಂದು ಬೆಂಗಳೂರಿಗೆ ನಡೆದೇ ಹೋದ ಬಡ ಹುಡುಗ, ಭೌತಶಾಸ್ತ್ರದ ಮೇಷ್ಟರಾಗಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾದರು. ಯಾರು ಹೇಳಿದರೂ ಪ್ರಶ್ನೆ ಕೇಳದೆ ಒಪ್ಪಬೇಡಿ ಎನ್ನುತ್ತಿದ್ದವರು. ಇದನ್ನು ಹೇಳಿದ್ದೇ ತಪ್ಪಾಯಿತು. ಹುಡುಗ ಪ್ರಶ್ನೆ ಶುರುಮಾಡಿದ. “ಗಾಳಿ ಇಲ್ಲ, ನೀರಿಲ್ಲ, ಸಂದಿಲ್ಲ. ಮತ್ತೆ ನಿಮ್ಮ ಕಾಲಿನ ಬಲ ಎಲ್ಲಿ ಹೋಗ್ತಿದೆ? ನೀವು ತುಳೀರಿ, ನಾನು ನೋಡ್ತೀನಿ.”

ಸಮತಟ್ಟಾದ ಜಾಗ. ಇಂಜಿನ್ ಆರಿಸಿ, ಹ್ಯಾಂಡ್ ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲಿಟ್ಟು, ಸ್ಟಿಯರಿಂಗನ್ನು ಪೂರ್ತಿ ಒಂದು ಕಡೆಗೆ ತಿರುಗಿಸಿದೆ. ಕಾರಿನ ಕೆಳಗೆ ಹೋಗಕೂಡದೆಂದು ಹೇಳಿದ್ದರಿಂದ ಅವನು ಮುಂದಿನ ಚಕ್ರದ ಪಕ್ಕ ಕುಕ್ಕರಗಾಲಿನಲ್ಲಿ ಕುಳಿತು ಟಾರ್ಚ್ ಬಿಟ್ಟ. ನಾನು ತುಳಿದೆ. ಬಿಟ್ಟೆ. ತುಳಿದೆ.

“ತಾತಾ! ಕಪ್ಪೆ ಗಂಟಲು!”

ಇಳಿದು ಹೋಗಿ ನೋಡಿದೆ. ಅಜ್ಜಿ ತುಳಿದಳು. ಉಕ್ಕಿನ ಪೈಪಿನಿಂದ ಚಕ್ರಕ್ಕೆ ಹೋಗುವ ಗೇಣುದ್ದದ ರಬ್ಬರ್ ಹೋಸ್ ಬಿರುಕು ಬಿಟ್ಟು ಸೊರಗಿತ್ತು. ತುಳಿದಾಗಲೆಲ್ಲ ಅದರ ಒಂದು ಭಾಗ ಉಬ್ಬುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು, ವಟಗುಟ್ಟುವ ಕಪ್ಪೆಯ ಗಂಟಲಿನ ಹಾಗೆಯೇ. ನನ್ನ ಕಾಲಿನ ಬಲ ಅಲ್ಲಿ ಹೋಗುತ್ತಿತ್ತು. ಅದು ಒಡೆದಿದ್ದರೆ? ಆ ಯೋಚನೆಯನ್ನು ಅಲ್ಲಿಗೇ ನಿಲ್ಲಿಸಿದೆ. ಕಾರನ್ನು ಸ್ನೇಹಿತರ ಮನೆಯ ಮುಂದೆಯೇ ಬಿಟ್ಟು ಮೂವರೂ ಬಸ್ಸು ಹತ್ತಿದೆವು. ಬೆಂಗಳೂರಿನ ಜೆ.ಸಿ. ರಸ್ತೆಯಿಂದ ಹೊಸ ಹೋಸುಗಳನ್ನು ತರಿಸಿ, ಭಾಯ್ ಅವರನ್ನೇ ಗೌರಿಬಿದನೂರಿಗೆ ಕರೆದೊಯ್ದು ಹಳೆಯವನ್ನೆಲ್ಲ ಬದಲಾಯಿಸಿ, ಮತ್ತೆ ಏರ್ ತೆಗೆಸಿದೆ. ಪೆಡಲ್ ಕಲ್ಲಿನ ಹಾಗೆ ನಿಂತಿತು.

ಭಾನುವಾರ ಮಗಳು ಬಂದಳು. ಚಪ್ಪಲಿ ಬಿಟ್ಟು ಡ್ರೈವರ್ ಸೀಟಿನಲ್ಲಿ ಕುಳಿತು ತಾನೇ ಪೆಡಲ್ ಒತ್ತಿ ಹಿಡಿದು, ಮೊಬೈಲಿನಲ್ಲಿ ಒಂದು ನಿಮಿಷ ಎಣಿಸಿದಳು. ಇಳಿಯಲಿಲ್ಲ. ಮಗ ಹೇಳಿಕೊಟ್ಟಂತೆ ಹೋಸುಗಳನ್ನೂ ನೋಡಿದಳು. ಊರೊಳಗೆ ಎರಡು ಸುತ್ತು ಹಾಕಿದ ಮೇಲೆ, “ನಂದಿಗೆ ಹೋಗೋಣ, ಆದ್ರೆ ಇಳಿಯುವಾಗ ಹೇಗೆ ಓಡಿಸ್ತೀರಿ?” ಎಂದು ಕೇಳಿದಳು. ಹತ್ತಿದ ಗೇರಿನಲ್ಲೇ ಇಳಿಯಬೇಕು ಎಂಬ ಲಾರಿ ಡ್ರೈವರುಗಳ ಮಾತನ್ನು ಹೇಳಿದೆ. ಆವತ್ತು ಮಾತಿನ ಭರದಲ್ಲಿ ಟಾಪ್ ಗೇರಿನಲ್ಲಿ ಇಳಿದಿದ್ದು ನನ್ನದೇ ತಪ್ಪೆಂದೂ ಒಪ್ಪಿಕೊಂಡೆ.

ಎರಡನೇ ಗೇರಿನಲ್ಲಿ, ಇಂಜಿನ್ ಗೊಣಗುತ್ತಾ ಇಳಿಯಿತು. ಬ್ರೇಕು ತಿರುವಿನಲ್ಲಿ ಮಾತ್ರ, ಒತ್ತಿ ಬಿಟ್ಟು. ಹಿಂದಿನ ಸೀಟಿನಲ್ಲಿ ಮಗಳು ಒಂದು ಮಾತೂ ಆಡಲಿಲ್ಲ. ಕೆಳಗೆ ದ್ರಾಕ್ಷಿ ಮಾರುವವರ ಹತ್ತಿರ ನಿಲ್ಲಿಸಿದಾಗ ಮೊಮ್ಮಗ ಮೊದಲು ಇಳಿದು, ಚಕ್ರವನ್ನು ಮುಟ್ಟದೆ ಅಂಗೈಯನ್ನು ಅದರ ಹತ್ತಿರ ಹಿಡಿದು ನೋಡಿದ.

“ಅಂಥಾ ಬಿಸಿ ಏನಿಲ್ಲಮ್ಮ” ಎಂದು ಅವಳಿಗೆ ಹೇಳಿ, ದ್ರಾಕ್ಷಿ ಆರಿಸಲು ಹೋದ.