ಊರು ಬದಲಾಯ್ತು, ಜಿಂಕೆ ಸಿಗುತ್ತಾ?

ಟೆಕ್ಸಾಸ್ ಬಿಟ್ಟು ವಿಸ್ಕಾನ್ಸಿನ್‌ಗೆ ಬಂದು ವರ್ಷದ ಮೇಲಾಯ್ತು. ಕೆಲಸದ ಜೊತೆ ರಾಜ್ಯವನ್ನೂ ಬದಲಾಯಿಸೋರು ಕೇಳೋ ಪ್ರಶ್ನೆಗಳು ನಿಮಗೆ ಗೊತ್ತೇ ಇದೆ. ಬಾಡಿಗೆ ಎಷ್ಟು, ಇಂಡಿಯನ್ ಸ್ಟೋರ್ ಎಷ್ಟು ದೂರ, ಚಳಿ ತಡ್ಕೋಬಹುದಾ, ಕನ್ನಡ ಸಂಘ ಇದೆಯಾ... ಇದನ್ನೆಲ್ಲ ನನ್ನಾಕೆ ವಿಚಾರಿಸಿದಳು. ನಾನು ವಿಚಾರಿಸಿದ್ದು ಒಂದೇ. ಅಲ್ಲಿ ಜಿಂಕೆ ಬೇಟೆ ಹೇಗೆ?

ನಗಬೇಡಿ :)

ನಮ್ಮದು ಮೂಡಿಗೆರೆ ಕಡೆ. ಅಜ್ಜನ ಹತ್ತಿರ ಬೆಳೆ ಕಾಯೋಕೆ ಅಂತ ಲೈಸೆನ್ಸ್ ಇದ್ದ ಒಂದು ಕೋವಿ ಇತ್ತು. ನಾನು ನೋಡೋ ಹೊತ್ತಿಗೆ ಅದು ಅಟ್ಟದ ಕೆಳಗಿನ ಗೋಡೆಯಲ್ಲಿ ನೇತಾಡೋ ವಸ್ತು ಅಷ್ಟೇ. 1972ರ ವನ್ಯಜೀವಿ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆ ಅನ್ನೋದು ಮಾತಿನಲ್ಲಿ ಮಾತ್ರ ಉಳೀತು, ಇಲ್ಲಾ ಕಳ್ಳತನದಲ್ಲಿ ಉಳೀತು. ಮರಸು ಕೂತಿದ್ದು, ಹಳು ಸೋವಿದ್ದು, ಈಡು ತಪ್ಪಿದ್ದು ಎಲ್ಲಾ ಕೇಳಿದ್ದೀನಿ, ನೋಡಿದ್ದು ಏನೂ ಇಲ್ಲ. ಹೀಗಿರೋವಾಗ ಇಂಜಿನಿಯರಿಂಗ್ ಮುಗಿಸಿ ಆಸ್ಟಿನ್ ಹತ್ತಿರ ಬಂದು ಬಿದ್ದ ಮೇಲೆ, ಪಕ್ಕದ ಸೀಟಿನಲ್ಲಿ ಕೂರೋ ಹಿರಿಯ ಸಹೋದ್ಯೋಗಿ ಒಂದು ನವೆಂಬರಿನಲ್ಲಿ "ಬರ್ತೀಯಾ?" ಅಂತ ಕೇಳಿದರು. ಹೋದೆ. ಆಮೇಲೆ ಪ್ರತಿ ವರ್ಷ ಹೋದೆ.

ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ "ಅಲ್ವೋ, ಸಾಲ ಮಾಡಿ ಓದಿಸಿದ್ದು ಅಲ್ಲಿ ಹೋಗಿ ಮಿಗ ಹೊಡೆಯೋಕಾ?" ಅಂದಳು. ಐದು ನಿಮಿಷ ಬಿಟ್ಟು ತಾನೇ ಮತ್ತೆ ಫೋನ್ ಮಾಡಿ, ಮಾಂಸಕ್ಕೆ ಕಾಳುಮೆಣಸು ಜಾಸ್ತಿ ಹಾಕು, ಕೊಬ್ಬು ಇರಲ್ಲ ಅದರಲ್ಲಿ, ಒಣಗಿ ಹೋಗುತ್ತೆ ಅಂತ ಹೇಳಿದಳು. ಅವಳಿಗೆ ಇದು ಹೇಗೆ ಗೊತ್ತು ಅಂತ ನಾನು ಕೇಳಲಿಲ್ಲ.

ಟೆಕ್ಸಾಸಿನ ಬೇಟೆ ಹೇಗಿರುತ್ತೆ ಅಂತ ಮೊದಲು ಹೇಳಬೇಕು, ಆಗ ಇಲ್ಲಿಯದು ಅರ್ಥ ಆಗುತ್ತೆ. ಅಲ್ಲಿ ನೆಲದಲ್ಲಿ ನೂರಕ್ಕೆ 95 ಪಾಲು ಖಾಸಗಿಯವರದು. ಕಾಡು ಅಂದರೆ ಯಾರದ್ದೋ ರಾಂಚ್. ಜಿಂಕೆಗಳಿಗೇನೂ ಬರ ಇಲ್ಲ, ಅಮೆರಿಕದಲ್ಲೇ ಅತಿ ಹೆಚ್ಚು ಬಿಳಿಬಾಲದ ಜಿಂಕೆ ಇರೋ ರಾಜ್ಯ ಅದು. ಆದರೆ ಗೇಟಿನ ಒಳಗೆ ಹೋಗೋಕೆ ಯಾರಾದರೂ ಬೇಕು. ಹಾಗಾಗಿ ನಾಲ್ಕೈದು ಜನ ಸೇರಿ ವರ್ಷಕ್ಕಿಷ್ಟು ಅಂತ ಸಾವಿರಗಟ್ಟಲೆ ಡಾಲರ್ ಕೊಟ್ಟು ರಾಂಚನ್ನು ಬೇಟೆಗೆ ಗುತ್ತಿಗೆ ಹಿಡೀತಾರೆ. ಟೈಮರ್ ಇಟ್ಟ ಡಬ್ಬ ಬೆಳಿಗ್ಗೆ ಸಂಜೆ ಮೆಕ್ಕೆಜೋಳ ಎರಚುತ್ತೆ. ನೂರು ಗಜ ದೂರದ ಗೂಡಿನಲ್ಲಿ ಕುರ್ಚಿ ಹಾಕ್ಕೊಂಡು ಕೂರೋದು. ಜೋಳ ಬೀಳೋ ಸದ್ದಿಗೆ ಜಿಂಕೆ ಬರುತ್ತೆ. ಕ್ರಾನ್ ಜಾಬ್ ಇದ್ದ ಹಾಗೆ! ಇದು ಬೇಟೆನಾ ಅಂತ ನೀವು ಕೇಳಬಹುದು. ನಾನೂ ಕೇಳಿದ್ದೆ. ಆ ಹಿರಿಯರು "ಊಟಕ್ಕೆ ಬಂದಿದ್ದೀವಿ, ಒಲಿಂಪಿಕ್ಸಿಗಲ್ಲ" ಅಂದರು.

ಇನ್ನೊಂದು ವಿಚಿತ್ರ. ಆಸ್ಟಿನ್ ಪಶ್ಚಿಮಕ್ಕೆ ಹಿಲ್ ಕಂಟ್ರಿ ಅಂತ ಗುಡ್ಡಗಾಡು ಇದೆ. ಅಲ್ಲಿ ನಮ್ಮ ಚುಕ್ಕೆ ಜಿಂಕೆ ಇದೆ! ಬಂಡೀಪುರದಲ್ಲಿ ಕಾಣೋದೇ. 1932ರಲ್ಲಿ ತಂದು ಬಿಟ್ಟಿದ್ದು, ತಪ್ಪಿಸಿಕೊಂಡು ಬೆಳೆದು ಈಗ ಸಾವಿರಾರು ಆಗಿವೆ. ಆಕ್ಸಿಸ್ ಅಂತ ಕರೀತಾರೆ. ಕೃಷ್ಣಮೃಗವೂ ಇದೆ, ನಮ್ಮಲ್ಲಿ ಯಾವ ಪ್ರಾಣಿಯಿಂದಾಗಿ ಸಿನಿಮಾ ನಟರು ವರ್ಷಗಟ್ಟಲೆ ಕೋರ್ಟು ಅಲೆದರೋ ಅದೇ. ಹೊರಗಿನ ಪ್ರಾಣಿ ಅಂತ ಇವಕ್ಕೆ ಸೀಸನ್ ಇಲ್ಲ, ಇಷ್ಟೇ ಅಂತ ಮಿತಿ ಇಲ್ಲ. ವರ್ಷದ ಯಾವ ದಿನ ಬೇಕಾದರೂ ಹೊಡೀಬಹುದು. ಒಂದು ಸಂಜೆ ಎದುರಿಗೆ ನಿಂತಿತ್ತು, ಅರವತ್ತು ಗಜ. ಜೊತೆಗಿದ್ದವರು ಮೊಣಕೈ ತಿವಿದರು. ಹೊಡೆಯಲಿಲ್ಲ. ತರ್ಕ ಕೇಳಿದರೆ ಹೇಳೋಕೆ ಬರಲ್ಲ, ಬಿಳಿಬಾಲದ್ದನ್ನ ಹೊಡೀತೀನಿ, ಇದನ್ನ ಇಲ್ಲ. ನಮ್ಮೂರಿನವನು ಅಂತ ಬಿಟ್ಟೆ ಅಂದುಕೊಳ್ಳಿ.

ಸರಿ. ಇಷ್ಟೆಲ್ಲ ಅಭ್ಯಾಸ ಆಗಿರೋವಾಗ 2024ರಲ್ಲಿ ಮ್ಯಾಡಿಸನ್‌ನಲ್ಲಿ ಕೆಲಸ ಸಿಕ್ತು. ಅಕ್ಟೋಬರ್ ಮೊದಲ ವಾರ ಸೇರಬೇಕು.

ಆಗ ತಲೆ ತಿಂದದ್ದು ಜಿಂಕೆ ಅಲ್ಲ, ಕಾಗದ. ನಾನು ಇರೋದು ಎಚ್-1ಬಿ ಮೇಲೆ. ತಾತ್ಕಾಲಿಕ ವೀಸಾದಲ್ಲಿ ಇರೋರು ಬಂದೂಕು ಇಟ್ಟುಕೊಳ್ಳೋ ಹಾಗಿಲ್ಲ ಅಂತ ಇಲ್ಲಿ 1998ರಿಂದ ಕೇಂದ್ರದ ಕಾನೂನೇ ಇದೆ. ಅದಕ್ಕಿರೋ ಕೆಲವೇ ವಿನಾಯಿತಿಗಳಲ್ಲಿ ಒಂದು, ಅಮೆರಿಕದ ಯಾವುದಾದರೂ ರಾಜ್ಯ ಕೊಟ್ಟ ಅವಧಿ ಮುಗಿಯದ ಬೇಟೆ ಲೈಸೆನ್ಸ್. ಅಂದರೆ ಇಲ್ಲಿಯವರಿಗೆ ಆ ಲೈಸೆನ್ಸ್ ಜಿಂಕೆಗೆ ಮಾತ್ರ, ನನಗೆ ಅದೇ ಕೋವಿಗೂ ಅನುಮತಿ. ಅದು ಮುಗಿದ ಮಾರನೇ ದಿನ ಬೀರುವಿನಲ್ಲಿರೋ ನನ್ನದೇ ರೈಫಲ್ ಒಂದು ಅಪರಾಧ. ಸಣ್ಣ ಪುಟ್ಟ ದಂಡ ಅಲ್ಲ, ವೀಸಾನೂ ಹೋಗುತ್ತೆ, ಗ್ರೀನ್ ಕಾರ್ಡಿನ ಆಸೆಯೂ ಹೋಗುತ್ತೆ. ಟೆಕ್ಸಾಸ್ ಲೈಸೆನ್ಸ್ ಪ್ರತಿ ವರ್ಷ ಆಗಸ್ಟ್ 31ಕ್ಕೆ ಮುಗಿಯುತ್ತೆ, ಹೊಸದು ಆಗಸ್ಟ್ ಮಧ್ಯದಲ್ಲೇ ಮಾರಾಟಕ್ಕೆ ಬರುತ್ತೆ. ಇನ್ನೂ ಅಲ್ಲಿಯ ನಿವಾಸಿ ಆಗಿದ್ದಾಗಲೇ 25 ಡಾಲರ್ ಕೊಟ್ಟು ಹೊಸದು ತಗೊಂಡೆ. ಮೂವ್ ಆಗೋ ದಿನ ಡಿಕ್ಕಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ, ಜೇಬಿನಲ್ಲಿ ಪಾಸ್‌ಪೋರ್ಟ್ ಜೊತೆ ಆ ಚೀಟಿ. ದಾರಿಯುದ್ದಕ್ಕೂ ನನ್ನಾಕೆ "ಚೀಟಿ ಇದೆ ತಾನೇ?" ಅಂತ ಎಷ್ಟು ಸಲ ಕೇಳಿದಳೋ! (ನಾನು ವಕೀಲ ಅಲ್ಲ. ನಿಮಗೂ ಇಂಥ ಪ್ರಸಂಗ ಬಂದರೆ ವಕೀಲರನ್ನೇ ಕೇಳಿ.)

ವಿಸ್ಕಾನ್ಸಿನ್‌ನಲ್ಲಿ 30 ದಿನ ವಾಸ ಆದರೆ ನಿವಾಸಿ ದರದಲ್ಲಿ ಲೈಸೆನ್ಸ್ ಸಿಗುತ್ತೆ, 24 ಡಾಲರ್. ಟೆಕ್ಸಾಸಿನಲ್ಲಾದರೆ ಆರು ತಿಂಗಳು ಕಾಯಬೇಕಿತ್ತು. ಬೇಟೆಯ ಶಿಕ್ಷಣದ ಸರ್ಟಿಫಿಕೇಟ್ ಒಂದು ರಾಜ್ಯದ್ದು ಇನ್ನೊಂದರಲ್ಲಿ ನಡೆಯುತ್ತೆ, ಆ ತಲೆನೋವು ಇರಲಿಲ್ಲ. ನವೆಂಬರ್ ಎರಡನೇ ವಾರ ಹೊಸ ಲೈಸೆನ್ಸ್ ಕೈಗೆ ಬಂತು.

ಜಿಂಕೆ?

ಇಲ್ಲಿ ಕೋವಿಯ ಮುಖ್ಯ ಸೀಸನ್ ಒಂಬತ್ತೇ ದಿನ. ಥ್ಯಾಂಕ್ಸ್‌ಗಿವಿಂಗ್ ಹಿಂದಿನ ಶನಿವಾರ ಶುರು. ಟೆಕ್ಸಾಸಿನಲ್ಲಿ ಎರಡು ತಿಂಗಳು ನಡೆಯೋ ಕೆಲಸ ಇಲ್ಲಿ ಒಂಬತ್ತು ದಿನದಲ್ಲಿ ಮುಗೀಬೇಕು, ಐದು ಲಕ್ಷಕ್ಕೂ ಹೆಚ್ಚು ಜನ ಒಟ್ಟಿಗೆ ಕಾಡು ಹೊಲ ಹೊಕ್ಕುತ್ತಾರೆ. ಊರಲ್ಲಿ ದೀಪಾವಳಿ ಗದ್ದಲ ಇದ್ದ ಹಾಗೆ. ಪೆಟ್ರೋಲ್ ಬಂಕು, ದಿನಸಿ ಅಂಗಡಿ, ಚರ್ಚು, ಎಲ್ಲೆಲ್ಲೂ ಕಣ್ಣು ಕುಕ್ಕೋ ಕಿತ್ತಳೆ ಜಾಕೆಟ್. ಮೈಮೇಲೆ ಆ ಬಣ್ಣ ಕಡ್ಡಾಯ. 2016ರಿಂದ ಹೊಳೆಯೋ ಗುಲಾಬಿಯೂ ನಡೆಯುತ್ತೆ. ಆಫೀಸಿನಲ್ಲಿ ಆ ವಾರ ರಿಲೀಸ್ ಇಟ್ಟುಕೊಳ್ಳಲ್ಲ :)

ಬರೋ ಮುಂಚೆ ನಕ್ಷೆ ಹಾಕ್ಕೊಂಡು ಲೆಕ್ಕ ಮಾಡಿದ್ದೆ. ಎಲ್ಲಿ ಜಿಂಕೆ ಹೆಚ್ಚು, ಎಲ್ಲಿ ಸರ್ಕಾರಿ ಕಾಡು ಹೆಚ್ಚು, ಎರಡನ್ನೂ ಕೂಡಿಸಿದರೆ ಉತ್ತರ ಸಿಗುತ್ತೆ ಅಂತ. ಅವೆರಡೂ ಒಂದೇ ಕಡೆ ಇಲ್ಲ. ಉತ್ತರಕ್ಕೆ ಮ್ಯಾಡಿಸನ್‌ನಿಂದ ನಾಲ್ಕು ಗಂಟೆ ಓಡಿಸಿದರೆ ಷವಾಮೆಗನ್-ನಿಕೊಲೆ ರಾಷ್ಟ್ರೀಯ ಅರಣ್ಯ, 15 ಲಕ್ಷ ಎಕರೆ, ಯಾರ ಅಪ್ಪಣೆಯೂ ಬೇಡ. ಆದರೆ ಗಟ್ಟಿ ಚಳಿಗಾಲ, ತೋಳ, ದಟ್ಟ ಕಾಡು, ಮೇವು ಕಮ್ಮಿ. ಜಿಂಕೆ ವಿರಳ. ದಕ್ಷಿಣದಲ್ಲಿ ಜೋಳ, ಸೋಯಾ, ನಡುನಡುವೆ ಓಕ್ ತೋಪು. ಜಿಂಕೆಗಳಿಗೆ ಇದಕ್ಕಿಂತ ಒಳ್ಳೆ ಮೆಸ್ ಇಲ್ಲ. ಮನೆ ಹಿಂದಿನ ರಸ್ತೆಯಲ್ಲೇ ದಿನಾ ನೋಡ್ತೀನಿ. ಆದರೆ ನೆಲ ರೈತರದು. ಜೋಳ ಎರಚಿ ಕರೆಯೋದು ನಮ್ಮ ಡೇನ್ ಕೌಂಟಿಯಲ್ಲಿ ನಿಷೇಧ.

ನಿಷೇಧಕ್ಕೆ ಕಾರಣ ಒಂದು ರೋಗ. ಸಿ.ಡಬ್ಲ್ಯು.ಡಿ. ಅಂತಾರೆ, ಜಿಂಕೆ ಜಾತಿಯನ್ನ ಕ್ಷಯಿಸಿ ಕೊಲ್ಲುತ್ತೆ. ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ, ಮಡಿಕೆ ತಪ್ಪಿದ ಪ್ರೋಟೀನು, ಪ್ರಿಯಾನ್. ಹುಚ್ಚು ಹಸು ರೋಗದ ದಾಯಾದಿ. ಬೇಯಿಸಿದರೂ ಸಾಯಲ್ಲ, ಯಾಕೆಂದರೆ ಅದಕ್ಕೆ ಜೀವವೇ ಇಲ್ಲ. ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತೆ. ಜಿಂಕೆಗಳು ಒಂದೇ ಕಡೆ ಮೂತಿ ಇಟ್ಟು ತಿಂದಷ್ಟೂ ಹರಡುತ್ತೆ, ಅದಕ್ಕೇ ಜೋಳ ಎರಚಬಾರದು. ಮೊದಲು ಕಂಡದ್ದು 1967ರಲ್ಲಿ ಕೊಲರಾಡೋದಲ್ಲಿ. ವಿಸ್ಕಾನ್ಸಿನ್‌ನಲ್ಲಿ ಗೊತ್ತಾಗಿದ್ದು 2002ರಲ್ಲಿ, ಅದೂ ಮ್ಯಾಡಿಸನ್ ಪಕ್ಕದ ಮೌಂಟ್ ಹೋರೆಬ್ ಹತ್ತಿರ. ಈಗ ಆ ಸುತ್ತಿನ ಕೆಲವು ಭಾಗಗಳಲ್ಲಿ ಬೆಳೆದ ಗಂಡುಗಳಲ್ಲಿ ಮೂರಕ್ಕೊಂದಕ್ಕೂ ಹೆಚ್ಚು ರೋಗದವು. ಮನುಷ್ಯರಿಗೆ ಬಂದದ್ದು ಇದುವರೆಗೆ ಸಾಬೀತಾಗಿಲ್ಲ. ಆದರೂ ರೋಗ ಪತ್ತೆಯಾದ ಪ್ರಾಣಿಯ ಮಾಂಸ ತಿನ್ನಬೇಡಿ ಅಂತ ಸಿಡಿಸಿ ಹೇಳುತ್ತೆ.

ಅಂದರೆ ಆಯ್ಕೆ ಇಷ್ಟೇ. ದೂರ ಹೋಗಿ ಆರೋಗ್ಯವಾದ ಜಿಂಕೆಗೆ ಕಾದು ಬರಿಗೈಯಲ್ಲಿ ಬರೋದು, ಇಲ್ಲಾ ಹತ್ತಿರದಲ್ಲೇ ಹೊಡೆದು ಲ್ಯಾಬ್ ರಿಪೋರ್ಟ್ ಕಾಯೋದು.

ಮೊದಲ ವರ್ಷ ಹತ್ತಿರದ್ದನ್ನೇ ಆರಿಸಿದೆ. ಪಶ್ಚಿಮಕ್ಕೆ ಅಯೋವಾ ಕೌಂಟಿ (ಇದು ವಿಸ್ಕಾನ್ಸಿನ್‌ನಲ್ಲೇ ಇದೆ, ಅಯೋವಾ ರಾಜ್ಯ ಬೇರೆ). ಹಿಮನದಿ ಹಾಯದೆ ಉಳಿದ ಗುಡ್ಡಗಳು, ಕಣಿವೆ, ಕಣಿವೆಗೊಂದು ಹಳ್ಳ. ಹಸಿರು ಇದ್ದಾಗ ನೋಡಿದರೆ ಥೇಟ್ ನಮ್ಮ ಕಡೆಯೇ. ಎರಡು ವಾರಾಂತ್ಯ ತೋಟದ ಮನೆಗಳ ಬಾಗಿಲು ತಟ್ಟಿದೆ. ನಾನು ಹೇಗಿದ್ದೀನಿ, ನನ್ನ ಉಚ್ಚಾರಣೆ ಹೇಗಿದೆ ಅನ್ನೋದೆಲ್ಲ ಆಗ ನೆನಪಾಗುತ್ತೆ ನೋಡಿ. ಅಪರಿಚಿತ ಮನೆ ಮುಂದೆ ನಿಂತು "ನಿಮ್ಮ ಹೊಲದಲ್ಲಿ ಕೋವಿ ಹಿಡಿದು ಕೂರಲಾ?" ಅಂತ ಕೇಳೋದು ಯಾವ ಇಂಟರ್‌ವ್ಯೂಗಿಂತಲೂ ಕಷ್ಟ. ಐದು ಕಡೆ ಇಲ್ಲ ಅಂದರು, ಎಲ್ಲರೂ ಮರ್ಯಾದೆಯಿಂದಲೇ. ನೆಂಟರು ಬರ್ತಾರೆ, ಮಗ ಬರ್ತಾನೆ, ಹೀಗೆ. ಆರನೆಯವರು ಎಪ್ಪತ್ತು ದಾಟಿದ ರೈತರು. ಎಲ್ಲಿಂದ ಬಂದೆ ಅಂದರು. ನಮ್ಮ ಮನೆಯ ಕಾಫಿ ತೋಟ, ಗದ್ದೆಗೆ ಇಳಿಯೋ ಹಂದಿ, ಅಜ್ಜನ ಕೋವಿ ಎಲ್ಲಾ ಬಂತು ಮಾತಿಗೆ. "ಹಂದಿ ಎಷ್ಟು ತಿನ್ನುತ್ತೆ?" ಅಂತ ಕೇಳಿದರು. ಒಂದು ರಾತ್ರಿಗೆ ಒಂದು ಗದ್ದೆ ಅಂದೆ. ತಲೆ ಆಡಿಸಿದರು. ಕೊಂಬಿನ ಗಂಡು ಬಿಟ್ಟು ಹೆಣ್ಣು ಹೊಡಿ, ಸೋಯಾ ಉಳಿಯಲಿ ಅಂದರು. ಅಷ್ಟೇ, ದುಡ್ಡಿನ ಮಾತೇ ಇಲ್ಲ.

2024ರ ನವೆಂಬರ್ 23, ಶನಿವಾರ. ಕತ್ತಲಲ್ಲೇ ಹೋಗಿ ಓಕ್ ಮರಕ್ಕೆ ಕಟ್ಟಿದ ಅಟ್ಟಣೆ ಏರಿದೆ. ಅಜ್ಜನ ಮರಸು ನೆನಪಾಗದೆ ಇರುತ್ತಾ? ಅವರು ಕಂಬಳಿ ಹೊದ್ದು ಕೂರುತ್ತಿದ್ದರಂತೆ. ನಾನು ಐದು ಪದರ ಹಾಕಿದ್ದೆ, ಆದರೂ ಕಾಲ್ಬೆರಳು ಇದೆಯೋ ಇಲ್ಲವೋ ಗೊತ್ತಾಗಲಿಲ್ಲ. ಬೆಳಕು ಹರಿಯೋ ಹೊತ್ತಿಗೆ ಸುತ್ತ ಬೆಟ್ಟಗಳಿಂದ ಈಡಿನ ಸದ್ದು. ಜೋಳದ ಡಬ್ಬ ಇಲ್ಲ, ಕರೆಗಂಟೆ ಇಲ್ಲ, ಬಂದರೆ ಬಂತು. ಹತ್ತೂವರೆಗೆ ಹೆಣ್ಣು ಜಿಂಕೆ ಒಂದು ತೋಪಿನ ಅಂಚಿಗೆ ಬಂತು. ಒಂದೇ ಈಡು. ಟೆಕ್ಸಾಸಿನ ಗಂಡಿಗಿಂತ ದೊಡ್ಡದಿತ್ತು. ಚಳಿ ನಾಡಿನ ಪ್ರಾಣಿ ದೊಡ್ಡದಾಗುತ್ತೆ ಅಂತ ಪಾಠದಲ್ಲಿ ಓದಿದ್ದು ಎಳೆಯೋವಾಗ ಮನದಟ್ಟಾಯ್ತು.

ಇಲಾಖೆಯ ವೆಬ್‌ಸೈಟಿನಲ್ಲಿ ನೋಂದಾಯಿಸಿ, ತಲೆಯನ್ನ ಪರೀಕ್ಷೆಯ ಪೆಟ್ಟಿಗೆಯಲ್ಲಿ ಇಟ್ಟು ಬಂದೆ. ಪರೀಕ್ಷೆ ಉಚಿತ. ಉಚಿತ ಅಂದರೆ ನಮ್ಮದೇ ದುಡ್ಡು: ಲೈಸೆನ್ಸ್ ಹಣದ ಜೊತೆಗೆ ಬೇಟೆ ಕೋವಿ, ತೋಟೆಗಳ ಮೇಲೆ 1937ರ ಕಾನೂನಿನ ಪ್ರಕಾರ ಕಟ್ಟೋ 11% ತೆರಿಗೆಯೂ ರಾಜ್ಯಗಳ ವನ್ಯಜೀವಿ ಇಲಾಖೆಗೇ ಹೋಗುತ್ತೆ. ಮಾಂಸ ಕತ್ತರಿಸಿ ಪೊಟ್ಟಣ ಮಾಡಿ, ಮೇಲೆ ದಿನಾಂಕ ಬರೆದು ಫ್ರೀಜರಿಗೆ ತುಂಬಿದೆವು. ನನ್ನಾಕೆ ಬಾಗಿಲಿಗೆ "ರಿಸಲ್ಟ್ ಬರೋವರೆಗೆ ಮುಟ್ಟಬಾರದು" ಅಂತ ಚೀಟಿ ಅಂಟಿಸಿದಳು. ಹನ್ನೆರಡು ದಿನ. ಎಸ್ಸೆಸ್ಸೆಲ್ಸಿ ರಿಸಲ್ಟಿಗೂ ನಾನು ಹೀಗೆ ಪೇಜ್ ರಿಫ್ರೆಶ್ ಮಾಡಿರಲಿಲ್ಲ.

ಪಾಸಿಟಿವ್.

ಓಡಾಡಿಕೊಂಡು, ಮೇಯ್ದುಕೊಂಡು ಗಟ್ಟಿಮುಟ್ಟಾಗೇ ಇದ್ದ ಪ್ರಾಣಿ. ನೋಡಿದರೆ ಏನೂ ಗೊತ್ತಾಗಲ್ಲ, ಅದೇ ಈ ರೋಗದ ಕುತಂತ್ರ. ಅಷ್ಟೂ ಪೊಟ್ಟಣವನ್ನ ಜಿಂಕೆ ತ್ಯಾಜ್ಯಕ್ಕೆ ಅಂತಲೇ ಇಟ್ಟ ದೊಡ್ಡ ಕಬ್ಬಿಣದ ತೊಟ್ಟಿಗೆ ಒಂದೊಂದಾಗಿ ಹಾಕಿದೆ. ಕೊಂದದ್ದನ್ನ ತಿನ್ನದೆ ಎಸೆಯೋದು ನಮ್ಮನೆಯಲ್ಲಿ ಯಾರೂ ಮಾಡಿದ್ದಲ್ಲ. ಅಮ್ಮನಿಗೆ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ಪಾಪ, ಅದೂ ಹೋಯ್ತು, ನಿಂಗೂ ದಕ್ಕಲಿಲ್ಲ" ಅಂದಳು. ರೈತರಿಗೆ ಫೋನ್ ಮಾಡಿದೆ. ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಒಂದು ರೋಗದ ಜಿಂಕೆ ಕಮ್ಮಿ ಆಯ್ತಲ್ಲ, ಮುಂದಿನ ವರ್ಷವೂ ಬಾ ಅಂದರು.

2025ರಲ್ಲಿ ಉತ್ತರದ ಕಾಡಿಗೆ ಹೋಗಿ ಬಂದೆ. ಮೂರು ದಿನ, ಮೋಟೆಲ್ ಖರ್ಚು ಬೇರೆ. ಕಂಡದ್ದು ಒಂದು ಬಿಳಿ ಬಾಲ, ಓಡ್ತಾ ಇರೋದು. ಆದರೆ ಮೈಲಿಗಟ್ಟಲೆ ಯಾರೂ ಇಲ್ಲದ, ಯಾರನ್ನೂ ಕೇಳಬೇಕಿಲ್ಲದ ಕಾಡು. ಟೆಕ್ಸಾಸಿನಲ್ಲಿ ಅಷ್ಟು ವರ್ಷ ಇದ್ದು ಇಂಥದ್ದೊಂದು ದಿನ ಸಿಕ್ಕಿರಲಿಲ್ಲ.

ಈ ನವೆಂಬರಿಗೆ ರಜೆ ಈಗಲೇ ಹಾಕಿಟ್ಟಿದ್ದೀನಿ. ಎರಡು ದಿನ ಸೋಯಾ ಹೊಲ, ಮೂರು ದಿನ ಕಾಡು. ನನ್ನಾಕೆ ಒಪ್ಪಿದ್ದಾಳೆ, ಆದರೆ ಆ ಚೀಟಿಯನ್ನ ಫ್ರೀಜರ್ ಬಾಗಿಲಿನಿಂದ ಇನ್ನೂ ತೆಗೆದಿಲ್ಲ.