ಮಂಗಳೂರಿನಲ್ಲಿ ಅರಿವಿನ ಎರಡು ನೆಲೆಗಳು

ಘಟ್ಟದ ಮೇಲಿನ ನಮ್ಮವರಿಗೆ ಮಂಗಳೂರೆಂದರೆ ಮೊದಲು ನೆನಪಾಗುವುದು ಕಡಲು. ಶಿರಾಡಿಯ ಇಲ್ಲವೆ ಚಾರ್ಮಾಡಿಯ ತಿರುವುಗಳನ್ನಿಳಿದು, ಅಡಿಕೆ ತೋಟಗಳ ತಂಪನ್ನು ಹಿಂದಿಕ್ಕಿ, ಬೆವರಿಳಿಸುವ ಸೆಕೆಯ ಆ ನಗರವನ್ನು ಮುಟ್ಟಿದೊಡನೆ ಮಕ್ಕಳು ಕೇಳುವುದು ಸಮುದ್ರ ಎಲ್ಲಿದೆಯೆಂದೇ. ಹಿರಿಯರಿಗೆ ಕದ್ರಿಯ ಮಂಜುನಾಥನ ಸನ್ನಿಧಿ ಬೇಕು, ಬೋಳಾರದ ಮಂಗಳಾದೇವಿಯ ದರ್ಶನ ಬೇಕು. ಕಲಾಸಕ್ತರು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರಕ್ಕೆ ಹೋಗಿ, ಇಟಲಿಯ ಮೊಸ್ಕೇನಿ ಬರೆದ ಚಿತ್ರಗಳನ್ನು ಕತ್ತೆತ್ತಿ ನೋಡಿ ಬರುತ್ತಾರೆ. ಸಂಜೆ ಪಣಂಬೂರಿನ ಮರಳಿನಲ್ಲಿ ಸೂರ್ಯಾಸ್ತ ಕಂಡರೆ ಪ್ರವಾಸ ಮುಗಿಯಿತು. ಇವೆಲ್ಲ ನೋಡಲೇಬೇಕಾದ ಸ್ಥಳಗಳೇ. ಆದರೆ ಮಕ್ಕಳನ್ನು ಜೊತೆಗೆ ಕರೆದೊಯ್ಯುವ ತಂದೆತಾಯಿಗಳು ಈ ನಗರದಲ್ಲಿ ಇನ್ನೆರಡು ನೆಲೆಗಳನ್ನೂ ಕಂಡು ಬರಬೇಕೆಂಬುದು ನನ್ನ ಆಸೆ. ಅವು ತೀರ್ಥಕ್ಷೇತ್ರಗಳಲ್ಲ, ಅಲ್ಲಿ ಟಿಕೆಟ್ಟೂ ಇಲ್ಲ, ನೂಕುನುಗ್ಗಲೂ ಇಲ್ಲ. ಮನುಷ್ಯನು ತನ್ನನ್ನು ತಾನು ಅರಿತುಕೊಂಡರೆ ಎಷ್ಟು ಎತ್ತರಕ್ಕೆ ಬೆಳೆಯಬಲ್ಲನೆಂಬುದಕ್ಕೆ ಅವು ಸಾಕ್ಷಿ.

ನೇತ್ರಾವತಿ ಮತ್ತು ಗುರುಪುರ ನದಿಗಳ ನಡುವೆ, ಗುಡ್ಡಗಳ ಏರುತಗ್ಗಿನಲ್ಲಿ ಹರಡಿಕೊಂಡ ಊರು ಮಂಗಳೂರು. ಅಕ್ಷರಕ್ಕೂ ಈ ಊರಿಗೂ ಹಳೆಯ ನಂಟು. 1834ರಲ್ಲಿ ಇಲ್ಲಿಗೆ ಬಂದ ಬಾಸೆಲ್ ಮಿಶನ್ ಶಾಲೆಗಳನ್ನು ತೆರೆಯಿತು, ಮುದ್ರಣಾಲಯವನ್ನು ಸ್ಥಾಪಿಸಿತು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಹೊರಬಂದದ್ದು ಇಲ್ಲಿಂದಲೇ. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಬೆಳಕು ಕಂಡದ್ದೂ ಇಲ್ಲಿಯೇ. ಆದರೆ ನಿಘಂಟು ಅಚ್ಚಾಗುತ್ತಿದ್ದ ಅದೇ ಊರಿನಲ್ಲಿ ಒಂದಕ್ಷರವನ್ನೂ ಕಲಿಯುವ ಹಕ್ಕಿಲ್ಲದ ಮಕ್ಕಳು ಕೇರಿಕೇರಿಗಳಲ್ಲಿದ್ದರು. ನಮ್ಮ ಮೊದಲನೆಯ ನೆಲೆಯ ಕಥೆ ಆರಂಭವಾಗುವುದು ಅಲ್ಲಿಂದ.

ನಗರದ ನಡುವೆ, ನೆಹರೂ ಮೈದಾನದ ಬಳಿ, ಪುರಭವನವಿದೆ. ಯಕ್ಷಗಾನ, ನಾಟಕ, ಸಭೆ, ಸನ್ಮಾನಗಳಿಗೆ ಜನ ಅಲ್ಲಿ ಸೇರುತ್ತಾರೆ. ಅದರ ಹೆಸರು ಕುದ್ಮುಲ್ ರಂಗರಾವ್ ಪುರಭವನ. ಆ ಹೆಸರಿನ ಮಹನೀಯರು ಯಾರೆಂದು ಮಕ್ಕಳು ಕೇಳಿದರೆ ಉತ್ತರ ಹೇಳಲು ನಾವು ಸಿದ್ಧರಿರಬೇಕು.

ರಂಗರಾಯರು ಹುಟ್ಟಿದ್ದು 1859ರಲ್ಲಿ, ಕಾಸರಗೋಡು ಸೀಮೆಯ ಕುದ್ಮುಲ್‌ನ ಸಾರಸ್ವತ ಬ್ರಾಹ್ಮಣ ಮನೆತನದಲ್ಲಿ. ಮಂಗಳೂರಿಗೆ ಬಂದು ಅಧ್ಯಾಪಕರಾಗಿ, ಬಳಿಕ ವಕೀಲರಾಗಿ ಹೆಸರು ಗಳಿಸಿದರು. ಕುಲ, ವಿದ್ಯೆ, ವೃತ್ತಿ, ಮನ್ನಣೆ, ಇವು ಮೂರುನಾಲ್ಕೂ ಕೂಡಿ ಬಂದ ಮನುಷ್ಯ ಸುಖವಾಗಿ ಬಾಳಿ ಹೋಗಬಹುದಾಗಿತ್ತು. ಆದರೆ ತಮಗೆ ದೊರೆತ ಈ ಭಾಗ್ಯದಲ್ಲಿ ತಾವು ದುಡಿದು ಪಡೆದದ್ದೆಷ್ಟು, ಹುಟ್ಟಿನಿಂದಲೇ ಒಲಿದು ಬಂದದ್ದೆಷ್ಟು ಎಂಬ ಲೆಕ್ಕವನ್ನು ಅವರು ಮನಸ್ಸಿನಲ್ಲಿ ಹಾಕಿರಲೇಬೇಕು. ಹಾಗಿಲ್ಲದಿದ್ದರೆ ಅವರು ಹಿಡಿದ ದಾರಿಗೆ ಅರ್ಥ ಹೇಳುವುದು ಕಷ್ಟ. 1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅವರು ಅಸ್ಪೃಶ್ಯರೆನಿಸಿಕೊಂಡಿದ್ದವರ ಮಕ್ಕಳಿಗಾಗಿ ಒಂದು ಶಾಲೆಯನ್ನು ತೆರೆದರು. 1897ರಲ್ಲಿ ಆ ಕಾರ್ಯಕ್ಕೆ ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯ ರೂಪ ಕೊಟ್ಟರು. ಕೊಡಿಯಾಲಬೈಲಿನ ಕೋರ್ಟುಗುಡ್ಡೆ ಅದರ ಕೇಂದ್ರವಾಯಿತು.

ಶಾಲೆ ತೆರೆದರೆ ಸಾಲದು, ಮಕ್ಕಳು ಬರಬೇಕಲ್ಲ! ದಿನವಿಡೀ ಕೂಲಿ ಮಾಡಿದರೆ ಮಾತ್ರ ಗಂಜಿ ಕಾಣುವ ಮನೆಗಳವು. ಮಗುವೊಂದು ಶಾಲೆಗೆ ಹೋದರೆ ಅಷ್ಟರಮಟ್ಟಿಗೆ ಕೂಲಿ ತಪ್ಪುತ್ತಿತ್ತು. ಆದ್ದರಿಂದ ರಾಯರು ಶಾಲೆಯಲ್ಲಿಯೇ ಮಕ್ಕಳಿಗೆ ಮಧ್ಯಾಹ್ನದ ಊಟದ ಏರ್ಪಾಡು ಮಾಡಿದರು. ಇಂದು ಸರಕಾರಿ ಶಾಲೆಗಳಲ್ಲಿ ನಾವು ಕಾಣುವ ಬಿಸಿಯೂಟದ ತತ್ತ್ವ ಶತಮಾನದ ಹಿಂದೆಯೇ ಇಲ್ಲಿ ಆಚರಣೆಯಲ್ಲಿತ್ತು. ಓದುಬರಹದೊಂದಿಗೆ ನೇಯ್ಗೆ, ಮರಗೆಲಸಗಳನ್ನೂ ಕಲಿಸಿದರು. ಕಲಿತವನಿಗೆ ಕೈಗೆಲಸವೂ ಗೊತ್ತಿದ್ದರೆ ಅವನು ಯಾರ ಮುಂದೆಯೂ ಕೈಯೊಡ್ಡಬೇಕಿಲ್ಲವೆಂಬ ದೂರದೃಷ್ಟಿ ಅದರಲ್ಲಿತ್ತು. ಅತ್ತಾವರದ ಬಾಬುಗುಡ್ಡೆ, ಬೋಳೂರು, ಮುಲ್ಕಿ, ಉಡುಪಿಗಳವರೆಗೆ ಶಾಲೆಗಳು ಹಬ್ಬಿದವು. ನೆಲವಿಲ್ಲದವರಿಗೆ ಸರಕಾರದಿಂದ ನೆಲ ಕೊಡಿಸಿ ಮನೆ ಕಟ್ಟಿಸುವ ಕೆಲಸವೂ ಜೊತೆಗೆ ನಡೆಯಿತು.

ಇದಕ್ಕೆ ಅವರು ತೆತ್ತ ಬೆಲೆ ಸಣ್ಣದಲ್ಲ. ಸ್ವಜಾತಿಯವರು ಅವರನ್ನೂ ಅವರ ಮನೆಯವರನ್ನೂ ಬಹಿಷ್ಕರಿಸಿದರು. ಆ ಕಾಲದಲ್ಲಿ ಬಹಿಷ್ಕಾರವೆಂದರೆ ಬರಿಯ ಮುನಿಸಲ್ಲ. ಶುಭಾಶುಭಗಳಿಗೆ ಪುರೋಹಿತರಿಲ್ಲ, ಬಂಧುಗಳ ಮನೆಯ ಬಾಗಿಲಿಲ್ಲ, ಬೆಳೆದ ಮಕ್ಕಳ ಮದುವೆಗೆ ದಾರಿಯಿಲ್ಲ. ಹೊರಗೆ ಸುಧಾರಣೆಯ ಭಾಷಣ ಮಾಡಿ, ಮನೆಯೊಳಗೆ ಹಳೆಯ ಕಟ್ಟಳೆಗೆ ತಲೆಬಾಗಿದ ಹಿರಿಯರನ್ನು ನಾವು ಬಲ್ಲೆವು. ರಂಗರಾಯರು ಹಾಗೆ ಮಾಡಲಿಲ್ಲ. ಅವರ ಮಗಳು ರಾಧಾಬಾಯಿ ಮದುವೆಯಾದದ್ದು ತಮಿಳುನಾಡಿನ ಕುಮಾರಮಂಗಲದ ಜಮೀನುದಾರ ಡಾ. ಪಿ. ಸುಬ್ಬರಾಯನ್ ಅವರನ್ನು; ಜಾತಿಯೂ ಬೇರೆ, ಭಾಷೆಯೂ ಬೇರೆ. ಸುಬ್ಬರಾಯನ್ ಮುಂದೆ ಮದರಾಸು ಪ್ರಾಂತದ ಮುಖ್ಯಮಂತ್ರಿಯಾದರು. ರಾಧಾಬಾಯಿ 1930ರ ದುಂಡುಮೇಜಿನ ಪರಿಷತ್ತಿಗೆ ಭಾರತದಿಂದ ಹೋದ ಇಬ್ಬರು ಮಹಿಳೆಯರಲ್ಲಿ ಒಬ್ಬರು. ಮೌಲ್ಯವು ಮನೆಯ ಹೊಸ್ತಿಲನ್ನು ದಾಟಿ ಒಳಗೆ ಬಂದಾಗಲೇ ಅದರ ಪರೀಕ್ಷೆ. ರಾಯರ ಮನೆ ಆ ಪರೀಕ್ಷೆಯಲ್ಲಿ ಗೆದ್ದಿತು.

ಪುರಭವನದಿಂದ ಅತ್ತಾವರದ ಬಾಬುಗುಡ್ಡೆ ದೂರವೇನಲ್ಲ. ಅಲ್ಲಿ ಬ್ರಹ್ಮಸಮಾಜದ ರುದ್ರಭೂಮಿಯಲ್ಲಿ ರಾಯರ ಸಮಾಧಿಯಿದೆ. 1927ರಲ್ಲಿ ಸಂನ್ಯಾಸ ಸ್ವೀಕರಿಸಿ ಈಶ್ವರಾನಂದರೆನಿಸಿದ ಅವರು 1928ರ ಜನವರಿ 30ರಂದು ಕಾಲವಶರಾದರು. ತಮ್ಮ ಅಂತ್ಯಕ್ರಿಯೆ ಊರಿನ ಕಸಗುಡಿಸುವವರ ಕೈಯಿಂದಲೇ ಆಗಬೇಕೆಂಬುದು ಅವರ ಕೊನೆಯ ಇಚ್ಛೆಯಾಗಿತ್ತು. ಅವರ ಇನ್ನೊಂದು ಹಂಬಲವನ್ನು ಮಂಗಳೂರಿಗರು ಇಂದಿಗೂ ನೆನೆಯುತ್ತಾರೆ: ತಮ್ಮ ಶಾಲೆಯಲ್ಲಿ ಕಲಿತ ಬಡಮಗುವೊಂದು ದೊಡ್ಡ ಹುದ್ದೆಗೇರಿ, ಕಾರಿನಲ್ಲಿ ಊರಿನ ರಸ್ತೆಯ ಮೇಲೆ ಸಾಗುವಾಗ ಎದ್ದ ಧೂಳು ತಮ್ಮ ತಲೆಗೆ ಸೋಕಿದರೆ ಜನ್ಮ ಸಾರ್ಥಕವೆಂಬುದು. 1934ರಲ್ಲಿ ಮಂಗಳೂರಿಗೆ ಬಂದ ಗಾಂಧೀಜಿ ರಾಯರ ಸಂಸ್ಥೆಯನ್ನು ಕಂಡು ಹೋದರು; ನೋಡಲು ರಾಯರು ಇರಲಿಲ್ಲ. ಬಾಬುಗುಡ್ಡೆಯ ಸಮಾಧಿಯ ಬಳಿ ನಿಂತಾಗ, ಎತ್ತರದಲ್ಲಿ ಹುಟ್ಟಿದವನೊಬ್ಬ ಇಳಿದು ನಡೆದು ಇನ್ನೂ ಎತ್ತರವಾದನೆಂಬ ಮಾತು ತಾನಾಗಿಯೇ ಮನಸ್ಸಿಗೆ ಬರುತ್ತದೆ.

ಎರಡನೆಯ ನೆಲೆಗೆ ಹೋಗಲು ಮರಳಿ ಹಂಪನಕಟ್ಟೆಗೆ ಬರಬೇಕು. ಬಸ್ಸುಗಳ ಕೂಗು, ಹಣ್ಣಿನ ಅಂಗಡಿಗಳು, ಮಲ್ಲಿಗೆಯ ಚೆಂಡುಗಳು, ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಂದರೊಳಗೊಂದು ಬೆರೆತ ಗದ್ದಲ. ಈ ಗದ್ದಲದ ನಡುವೆ ಹರೇಕಳದ ಹಾಜಬ್ಬ ಎಂಬವರು ಬುಟ್ಟಿಯಲ್ಲಿ ಕಿತ್ತಳೆ ಹಣ್ಣನ್ನಿಟ್ಟುಕೊಂಡು ಮಾರುತ್ತಿದ್ದರು. ಬಡತನದಿಂದಾಗಿ ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. 1970ರ ದಶಕದ ಕೊನೆಯ ಭಾಗದಲ್ಲೊಂದು ದಿನ ವಿದೇಶದ ದಂಪತಿಗಳು ಹಣ್ಣಿನ ಬೆಲೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ತುಳು, ಬ್ಯಾರಿ ಬಲ್ಲ ಹಾಜಬ್ಬರಿಗೆ ಅದು ತಿಳಿಯಲಿಲ್ಲ. ಬಂದವರು ಹಣ್ಣು ಕೊಳ್ಳದೆ ಹೊರಟುಹೋದರು.

ನಡೆದದ್ದು ಇಷ್ಟೆ. ಇಂತಹ ಪ್ರಸಂಗ ವ್ಯಾಪಾರಿಗಳಿಗೆ ದಿನಕ್ಕೊಂದು ಒದಗುತ್ತದೆ. ಸಂಜೆಯ ಹೊತ್ತಿಗೆ ಮರೆತೂ ಹೋಗುತ್ತದೆ. ಹಾಜಬ್ಬರು ಮರೆಯಲಿಲ್ಲ. ಬಂದವರ ಮೇಲೆ ಸಿಟ್ಟಾಗಲಿಲ್ಲ, ತನ್ನ ಹಣೆಬರಹವನ್ನು ಹಳಿದುಕೊಂಡು ಕುಳಿತುಕೊಳ್ಳಲೂ ಇಲ್ಲ. ತನಗೆ ವಿದ್ಯೆಯಿಲ್ಲವೆಂಬುದನ್ನು ಒಪ್ಪಿಕೊಂಡರು. ತನಗಾದ ಅವಮಾನ ತನ್ನೂರಿನ ಮಕ್ಕಳಿಗೆ ಆಗಬಾರದೆಂದು ನಿಶ್ಚಯಿಸಿದರು. ಹರೇಕಳದ ನ್ಯೂಪಡ್ಪುವಿನಲ್ಲಿ ಆಗ ಶಾಲೆಯೇ ಇರಲಿಲ್ಲ.

ನಿಶ್ಚಯಕ್ಕೂ ಫಲಕ್ಕೂ ನಡುವೆ ಇಪ್ಪತ್ತು ವರ್ಷಗಳು ಕಳೆದವು. ಹಗಲು ಹಣ್ಣಿನ ಬುಟ್ಟಿ, ಬಿಡುವಾದಾಗ ಕಚೇರಿಗಳ ಜಗಲಿ. ಅರ್ಜಿ ಬರೆಯಲು ಬಾರದವರು ಅರ್ಜಿ ಹಿಡಿದು ಅಲೆಯುವುದು ಎಂತಹ ಕಷ್ಟವೆಂಬುದು ಅಲೆದವರಿಗೇ ಗೊತ್ತು. ಕೊನೆಗೆ ಇಪ್ಪತ್ತೊಂದನೆಯ ಶತಮಾನದ ಹೊಸ್ತಿಲಲ್ಲಿ, ಮಸೀದಿಯ ಮದ್ರಸಾದಲ್ಲಿ, 28 ಮಕ್ಕಳೊಂದಿಗೆ ಶಾಲೆ ಆರಂಭವಾಯಿತು. ಮಕ್ಕಳ ಸಂಖ್ಯೆ ಬೆಳೆದಂತೆ ಜಾಗ ಬೇಕಾಯಿತು, ಕಟ್ಟಡ ಬೇಕಾಯಿತು. ತಾವು ಕೂಡಿಟ್ಟ ಹಣದ ಜೊತೆಗೆ ದಾನಿಗಳನ್ನು ಕಂಡು ಬೇಡಿ ತಂದರು. ಪ್ರಾಥಮಿಕ ಶಾಲೆಯ ಬೆನ್ನಿಗೆ ಪ್ರೌಢಶಾಲೆಯೂ ಬಂದಿತು.

ನೇತ್ರಾವತಿಯ ಸೇತುವೆಯನ್ನು ದಾಟಿ, ತೊಕ್ಕೊಟ್ಟಿನಿಂದ ಒಳನಾಡಿಗೆ ತಿರುಗಿ, ತೆಂಗು ಕಂಗುಗಳ ನಡುವಿನ ದಾರಿಯಲ್ಲಿ ಸಾಗಿದರೆ ಆ ಶಾಲೆ ಸಿಗುತ್ತದೆ. ಕನ್ನಡ ಮಾಧ್ಯಮದ ಸರಕಾರಿ ಶಾಲೆ. ನಮ್ಮ ಯಾವುದೇ ಹಳ್ಳಿಯಲ್ಲಿ ಇರಬಹುದಾದಂತಹುದು. ಕಟ್ಟಿಸಿದವರ ಹಿರಿಮೆಯೆಂದು ಹಾಜಬ್ಬರು ಅಲ್ಲಿ ಅಧಿಕಾರ ನಡೆಸಲಿಲ್ಲ. ಶಾಲೆಯ ಅಂಗಳ ಗುಡಿಸಿದರು, ಮಕ್ಕಳಿಗೆ ಕುಡಿಯುವ ನೀರು ಕಾಯಿಸಿಟ್ಟರು. ಪ್ರಶಸ್ತಿಗಳು ಬಂದಾಗ ಅವುಗಳ ಹಣವನ್ನೂ ಶಾಲೆಗೇ ಕೊಟ್ಟರು, ತಮ್ಮ ಮನೆಯಲ್ಲಿ ಕೊರತೆಯಿದ್ದಾಗಲೂ. 2020ರಲ್ಲಿ ಕೇಂದ್ರ ಸರಕಾರ ಪದ್ಮಶ್ರೀ ಪ್ರಶಸ್ತಿ ಘೋಷಿಸಿದಾಗ ಅವರು ಪಡಿತರ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನದ ನೆಲದ ಮೇಲೆ ಬರಿಗಾಲಲ್ಲಿ ನಡೆದುಹೋಗಿ ಆ ಗೌರವವನ್ನು ಸ್ವೀಕರಿಸಿದರು. ಊರಿಗೆ ಮರಳಿದ ಮೇಲೂ ಅವರ ಬೇಡಿಕೆ ಒಂದೇ ಆಗಿತ್ತು: ನಮ್ಮಲ್ಲಿ ಪದವಿಪೂರ್ವ ಕಾಲೇಜು ಆಗಬೇಕು.

ಈ ಇಬ್ಬರನ್ನು ಜೊತೆಗಿಟ್ಟು ನೋಡಿದರೆ ಆತ್ಮವಿಮರ್ಶೆಯೆಂಬ ಮಾತಿನ ಅರ್ಥ ಸ್ಪಷ್ಟವಾಗುತ್ತದೆ. ತನ್ನನ್ನು ತಾನು ಅರಿಯುವುದೆಂದರೆ ಕಣ್ಣುಮುಚ್ಚಿ ಕುಳಿತುಕೊಳ್ಳುವುದಷ್ಟೇ ಎಂದು ನಾವು ತಿಳಿದಿದ್ದೇವೆ. ರಂಗರಾಯರು ತಮ್ಮಲ್ಲಿ ಇದ್ದುದನ್ನು ಅರಿತರು. ಹಾಜಬ್ಬರು ತಮ್ಮಲ್ಲಿ ಇಲ್ಲದ್ದನ್ನು ಅರಿತರು. ಒಬ್ಬರಿಗೆ ಆ ಅರಿವು ಸಾಲವಾಗಿ ಕಂಡಿತು, ಇನ್ನೊಬ್ಬರಿಗೆ ಹೊಣೆಯಾಗಿ ಕಂಡಿತು. ಇಬ್ಬರೂ ಅದನ್ನು ಒಂದೇ ಬಗೆಯಲ್ಲಿ ತೀರಿಸಿದರು, ಪರರ ಮಕ್ಕಳಿಗೆ ಶಾಲೆ ಕಟ್ಟಿ. ಅರಿವು ಆಚಾರಕ್ಕೆ ಇಳಿಯದಿದ್ದರೆ ಅದು ಅರಿವೇ ಅಲ್ಲವೆಂದು ನಮ್ಮ ಹಿರಿಯರು ಹೇಳುತ್ತ ಬಂದದ್ದೂ ಇದನ್ನೇ. ಒಬ್ಬರದು ಮೂರು ದಶಕ ಮೀರಿದ ದುಡಿಮೆ, ಇನ್ನೊಬ್ಬರದು ಶಾಲೆಯ ಬಾಗಿಲು ತೆರೆಯುವ ಮುನ್ನವೇ ಎರಡು ದಶಕದ ಕಾಯುವಿಕೆ. ಇಂದು ಬಿತ್ತಿ ನಾಳೆ ಕೊಯ್ಯುವ ಆತುರ ಇಬ್ಬರಲ್ಲಿಯೂ ಇರಲಿಲ್ಲ.

ನಮ್ಮ ಮಕ್ಕಳಿಗೆ ಅಂಕಪಟ್ಟಿಯ ಲೆಕ್ಕ ಚೆನ್ನಾಗಿ ಗೊತ್ತಿದೆ. ತಮಗೆ ದೊರೆತಿರುವುದೇನು, ತಮ್ಮಲ್ಲಿ ಕೊರತೆಯಾಗಿರುವುದೇನು ಎಂಬ ಲೆಕ್ಕವನ್ನು ಕಲಿಸುವ ಹೊಣೆ ಮನೆಯವರದು. ಈ ಬೇಸಗೆಯ ರಜೆಯಲ್ಲಿ ಮಂಗಳೂರಿಗೆ ಹೋಗುವವರು ಕಡಲನ್ನು ಕಣ್ತುಂಬ ನೋಡಲಿ. ಅರ್ಧ ದಿನವನ್ನು ಬಾಬುಗುಡ್ಡೆಗೂ ನ್ಯೂಪಡ್ಪುವಿಗೂ ಎತ್ತಿಡಲಿ. ರಜೆಯಾದ್ದರಿಂದ ಶಾಲೆಯ ಬಾಗಿಲು ಮುಚ್ಚಿರಬಹುದು. ಚಿಂತೆಯಿಲ್ಲ, ಒಂದು ಬುಟ್ಟಿ ಕಿತ್ತಳೆಯಿಂದ ಅದು ಮೇಲೆದ್ದ ಕಥೆಯನ್ನು ಅಂಗಳದಲ್ಲಿ ನಿಂತು ಮಕ್ಕಳಿಗೆ ಹೇಳಿದರೂ ಸಾಕು.